76 ಆಳು, 2 ಆನೆ, 4 ತೋಪು

ಗೊಂಬೆ ಸೈನಿಕರನ್ನು ಇಟ್ಟು ಮೇಜಿನ ಮೇಲೆ ಯುದ್ಧ ಆಡುವ ಹವ್ಯಾಸ, ಮಿನಿಯೇಚರ್ ವಾರ್‌ಗೇಮ್, ಹೋದ ದೀಪಾವಳಿಗೆ ಶುರು ಮಾಡಿದ್ದು. ಈ ದೀಪಾವಳಿಗೆ ಕೂತು ಎಣಿಸಿದೆ. ಬಣ್ಣ ಮುಗಿದ ಆಳುಗಳು 76. ಅದರಲ್ಲಿ ಕಾಲಾಳು 40, ಕುದುರೆ ಸವಾರರು 24, ತೋಪಿನವರು 12. ಜೊತೆಗೆ ಎರಡು ಆನೆ, ನಾಲ್ಕು ತೋಪು. ಎಲ್ಲಾ ಸೇರಿ ಎರಡು ಮಿಠಾಯಿ ಡಬ್ಬಿಯಲ್ಲಿ ಹಿಡಿಯುತ್ತವೆ. ಆಡಿದ ಆಟ 17. ನಾನು ಕಲಬುರಗಿಯಲ್ಲಿ ಒಂದು ಬೇಳೆ ಮಿಲ್ಲಿನ ಲೆಕ್ಕ ಬರೆಯುವವನು. ಹಾಗಾಗಿ ಪ್ರತಿ ಆಟವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಈ ಬರಹಕ್ಕೆ ಅದೇ ಆಧಾರ.

ಮಿನಿಯೇಚರ್ ವಾರ್‌ಗೇಮ್ ಅಂದರೆ ಏನು ಅಂತ ನಮ್ಮ ಕಡೆ ತುಂಬಾ ಜನ ಕೇಳುತ್ತಾರೆ. ಪುಟ್ಟ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಬೆಟ್ಟ ಹೊಳೆ ಮಾಡಿ, ಟೇಪು ಹಿಡಿದು ಅಳೆದು ನಡೆಸಿ, ದಾಳ ಹಾಕಿ ಯುದ್ಧ ಆಡುವುದು. ಚದುರಂಗದ ಹಾಗೆ ಮನೆಗಳಿಲ್ಲ. ಕುದುರೆ 8 ಇಂಚು ಓಡುತ್ತದೆ, ಕಾಲಾಳು 4 ಇಂಚು ನಡೆಯುತ್ತಾನೆ, ಅಷ್ಟೇ. ದಾಳ ಯಾಕೆ ಬೇಕು ಅಂದರೆ, ಯುದ್ಧದಲ್ಲಿ ಹೊಡೆದ ಗುಂಡೆಲ್ಲಾ ತಾಗುವುದಿಲ್ಲವಲ್ಲ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಜ್ ತನ್ನ ಸೈನ್ಯದವರಿಗೆ ನಕ್ಷೆಯ ಮೇಲೆ ಆಡುವ ಯುದ್ಧದಾಟ ಮಾಡಿಕೊಟ್ಟಾಗಲೂ ಅದರಲ್ಲಿ ದಾಳ ಇತ್ತು.

ಮೊದಲ ತಿಂಗಳುಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಯೂಟ್ಯೂಬಿನಲ್ಲಿ ಎಲ್ಲಿ ನೋಡಿದರೂ ವಾರ್‌ಹ್ಯಾಮರ್ ಅನ್ನುವ ಗೊಂಬೆ ಯುದ್ಧದಾಟ ಕಾಣುತ್ತಿತ್ತು. ನಾನೂ ಅದೇ ಅಳತೆಯ, 28 ಮಿಲಿಮೀಟರ್ ಎತ್ತರದ ಹತ್ತು ಗೊಂಬೆ ತರಿಸಿದೆ. ಒಂದೊಂದರ ಬೆಲ್ಟಿನ ಬಕಲಿಗೂ ಬಣ್ಣ ಹಚ್ಚುತ್ತಾ ಕೂತೆ. ಎರಡು ತಿಂಗಳಲ್ಲಿ ಒಂಬತ್ತು ಮುಗಿದವು. ಆಟ ಒಂದೂ ಆಡಲಿಲ್ಲ. ಆಮೇಲೆ ತೊಗರಿ ಬಂತು. ಜನವರಿಯಿಂದ ಮಾರ್ಚ್‌ವರೆಗೆ ಮಿಲ್ಲಿನಲ್ಲಿ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಗೊಂಬೆಗಳು ಕಪಾಟಿನಲ್ಲೇ ಉಳಿದವು.

ಏಪ್ರಿಲ್‌ನಲ್ಲಿ ಮತ್ತೆ ಕೈ ಹಾಕಿದೆ. ಮಾಳಿಗೆ ಮೇಲೆ ಹೋಗಿ ಹತ್ತನೇ ಗೊಂಬೆಗೂ, ಹೊಸದಾಗಿ ತಂದ ನಾಲ್ಕಕ್ಕೂ ಸ್ಪ್ರೇ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳಬಣ್ಣ, ಹೊಡೆದೆ. ಮಧ್ಯಾಹ್ನ ಎರಡು ಗಂಟೆ, ನಮ್ಮ ಊರಿನ ಬಿಸಿಲು. ಕೆಳಗೆ ತಂದು ನೋಡಿದರೆ ಗೊಂಬೆಯ ಮೈಯೆಲ್ಲಾ ರವೆ ಉದುರಿಸಿದ ಹಾಗೆ ತರಿತರಿ. ಒಣ ಬಿಸಿಗಾಳಿಯಲ್ಲಿ ಪ್ರೈಮರ್ ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಕಣ್ಣು ಮೂಗು ಏನೂ ಉಳಿದಿರಲಿಲ್ಲ. ಆವತ್ತು ನಿಜವಾಗಿಯೂ ಬೇಜಾರಾಯಿತು. ಈಗ ಬೇಸಿಗೆಯಲ್ಲಿ ಬೆಳಗ್ಗೆ ಆರು ಗಂಟೆಗೆ ಮಾತ್ರ ಸ್ಪ್ರೇ, ಅದೂ ಹತ್ತಿರದಿಂದ, ಚುಟುಕು ಚುಟುಕಾಗಿ. ಮೇ ತಿಂಗಳಲ್ಲಂತೂ ಸ್ಪ್ರೇ ಮುಟ್ಟುವುದೇ ಇಲ್ಲ, ಕುಂಚದಿಂದಲೇ ಹಚ್ಚುತ್ತೇನೆ.

ನನ್ನ ವರ್ಷ ತಿರುಗಿದ್ದು ಮೇ ತಿಂಗಳಲ್ಲಿ. ಬೀದರಿನಿಂದ ಅಕ್ಕನ ಮಗ ಸೂಟಿಗೆ ಬಂದಿದ್ದ. ಒಂಬತ್ತನೇ ಕ್ಲಾಸಿಗೆ ಹೋಗುವ ಹುಡುಗ. ಗೊಂಬೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮಾಮಾ, ಇವು ಯಾವಾಗ ಆಡಾದು?"

"ಬಣ್ಣ ಮುಗಿದ ಮ್ಯಾಲ."

"ಅಷ್ಟೊತ್ತಿಗೆ ನನ್ನ ಸೂಟಿ ಮುಗಿತದ."

ಅವನ ಮಾತು ಸರಿಯಾಗಿತ್ತು. ಅವತ್ತೇ ಸಂಜೆ ಹಳೇ ಬೂಟಿನ ಡಬ್ಬಿ ಕತ್ತರಿಸಿದೆವು. 40 ಮಿಲಿಮೀಟರ್ ಅಗಲದ ರಟ್ಟಿನ ತುಂಡು 24. ಪೆನ್ನಿನಿಂದ ಕು, ಕಾ, ಆ, ತೋ ಅಂತ ಬರೆದೆವು. ಕುದುರೆ, ಕಾಲಾಳು, ಆನೆ, ತೋಪು. ಒಂದು ತುಂಡು ಅಂದರೆ ಒಂದು ಪಡೆ. ಒಬ್ಬೊಬ್ಬರಿಗೆ 12 ತುಂಡು, ಎರಡಡಿ ಚೌಕದ ಮೇಜು, ಲೂಡೋ ಡಬ್ಬಿಯ ದಾಳ. ಯಾವ ಯುದ್ಧ ಅಂತ ಯೋಚಿಸಿದಾಗ ರಾಯಚೂರು ನೆನಪಾಯಿತು. 1520, ಕೃಷ್ಣದೇವರಾಯ ಮತ್ತು ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ. ನಮ್ಮದೇ ಕೃಷ್ಣಾ ನದಿಯ ದಂಡೆ, ನಮ್ಮದೇ ಎರೆ ನೆಲ. ಮೇಜಿನ ಒಂದು ಅಂಚಿಗೆ ನೀಲಿ ಬಟ್ಟೆ ಹಾಸಿದರೆ ಅದೇ ಕೃಷ್ಣಾ. ಆದಿಲ್ ಶಾಹ ನದಿ ದಾಟಿ ಬಂದು ನಿಂತಿದ್ದರಿಂದ ಅವನ ಬೆನ್ನಿಗೇ ನೀರು.

ಈ ಯುದ್ಧದ ವಿವರ ನಮಗೆ ಹೆಚ್ಚಾಗಿ ಸಿಗುವುದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟದ್ದರಿಂದ. ವಿಜಯನಗರದ ಮುಂದಿನ ಸಾಲು ಹತ್ತಿರ ಬಂದಾಗ ಆದಿಲ್ ಶಾಹನ ತೋಪುಗಳು ಎಲ್ಲಾ ಒಟ್ಟಿಗೆ ಹಾರಿದವು. ಮುಂದಿನವರು ಚೆಲ್ಲಾಪಿಲ್ಲಿಯಾದರು. ಆಮೇಲೆ ರಾಯ ಹಿಂದಿನ ಪಡೆ ತೆಗೆದುಕೊಂಡು ತಾನೇ ನುಗ್ಗಿ ತಿರುಗಿಸಿದ. ಸೋತವರಲ್ಲಿ ತುಂಬಾ ಜನ ನದಿ ಪಾಲಾದರು. ಶಾಲೆಯಲ್ಲಿ ಇದನ್ನು ಎರಡು ಸಾಲಿನಲ್ಲಿ ಓದಿದ್ದೆ. ಯಾಕೆ ಹಾಗಾಯಿತು ಅಂತ ಕೇಳಿಕೊಂಡಿರಲಿಲ್ಲ.

ನಿಯಮ ನಾವೇ ಮಾಡಿದೆವು. ಆದಿಲ್ ಶಾಹನಿಗೆ ಮೂರು ತೋಪು, ರಾಯನಿಗೆ ಒಂದು. ತೋಪಿನ ಗುಂಡು 12 ಇಂಚು ಹೋಗುತ್ತದೆ. ದಾಳದಲ್ಲಿ 4 ಅಥವಾ ಮೇಲೆ ಬಿದ್ದರೆ ತಾಗಿತು. 6 ಇಂಚಿನ ಒಳಗಾದರೆ 3 ಬಿದ್ದರೂ ಸಾಕು. ಏಟು ತಿಂದ ಪಡೆ ಆ ಸುತ್ತು ಕದಲುವಂತಿಲ್ಲ. ಎರಡು ಏಟಿಗೆ ಮೇಜಿನಿಂದ ಹೊರಗೆ. ಒಮ್ಮೆ ಹಾರಿಸಿದ ತೋಪು ತುಂಬಲು ಎಷ್ಟು ಸುತ್ತು ಕೊಡಬೇಕು ಅನ್ನುವುದೇ ಜಗಳವಾಯಿತು. ಅವನು ಒಂದು ಸಾಕು ಅಂದ. ಮರುದಿನ ಇಬ್ಬರೂ ನಮ್ಮ ಕೋಟೆಗೆ ಹೋದೆವು. ಬಾರಾ ಗಜಿ ತೋಪು ಸುಮಾರು 29 ಅಡಿ ಉದ್ದ. ಹುಡುಗ ಬಾಯಿಯ ಹತ್ತಿರ ನಿಂತು ಹಿಂದಿನ ತುದಿ ನೋಡಿದ. ಇಂಥದ್ದರ ಒಳಗೆ ಮೊದಲು ಒದ್ದೆ ಅರಿವೆ ಕಟ್ಟಿದ ಕೋಲು ಹಾಕಿ ಕಿಡಿ ಆರಿಸಬೇಕು. ಮದ್ದು ಹಾಕಬೇಕು, ಗಿಡಿಯಬೇಕು, ಆಮೇಲೆ ಗುಂಡು. ಎಲ್ಲಾ ಬಾಯಿಯ ಕಡೆಯಿಂದಲೇ, ಅಂದರೆ ಶತ್ರುವಿನ ಕಡೆಗೆ ನಿಂತುಕೊಂಡೇ. ರಾಯಚೂರಿನ ಬಯಲಿಗೆ ಎಳೆದು ತಂದ ತೋಪುಗಳು ಇಷ್ಟು ದೊಡ್ಡವಿರಲಿಕ್ಕಿಲ್ಲ, ಆದರೆ ಬಾಯಿಯಿಂದ ತುಂಬುವ ತೋಪಾದರೆ ರೀತಿ ಅದೇ. ಮನೆಗೆ ಬಂದ ಮೇಲೆ ಅವನೇ ಹೇಳಿದ, "ಎರಡು ಸುತ್ತು ಇರಲಿ."

ಮೊದಲ ಆರು ಆಟದಲ್ಲಿ ಆದಿಲ್ ಶಾಹನಾಗಿ ಆಡಿದವರು ಮೂರೂ ತೋಪನ್ನು ಒಮ್ಮೆಲೆ ಹಾರಿಸಿದರು. ರಾಯ ಐದು ಗೆದ್ದ. ಲೆಕ್ಕ ನೋಡಿ. ಮೊದಲ ಸುತ್ತಿನಲ್ಲಿ 12 ಇಂಚಿನಿಂದ ಮೂರು ಗುಂಡು. ಸರಾಸರಿ ಒಂದೂವರೆ ಏಟು. ಎರಡನೇ, ಮೂರನೇ ಸುತ್ತಿನಲ್ಲಿ ತೋಪು ಖಾಲಿ. ಏಟು ತಿನ್ನದ ಕುದುರೆ ಎರಡೇ ಸುತ್ತಿನಲ್ಲಿ ತೋಪಿನ ಮೇಲೆ ಬೀಳುತ್ತದೆ. ಏಟು ತಿಂದ ಕುದುರೆಯೂ ಮೂರನೇ ಸುತ್ತಿಗೆ ಮುಟ್ಟುತ್ತದೆ. ನಾಲ್ಕನೇ ಸುತ್ತಿಗೆ ತೋಪು ತಯಾರಾಗುವ ಹೊತ್ತಿಗೆ ತೋಪಿನವರೇ ಇರುವುದಿಲ್ಲ.

ಏಳನೇ ಆಟದಲ್ಲಿ ಹುಡುಗ ಮೊದಲ ತೋಪು ಹಾರಿಸಿ ಸುಮ್ಮನೆ ಕೂತ. "ಉಳಿದವು?" ಅಂದೆ. "ಮೂರೂ ಒಮ್ಮೆಲೆ ಯಾಕ ಹೊಡಿಬೇಕು? ಒಂದೊಂದೇ ಹೊಡಿತೀನಿ." ಗುಂಡುಗಳ ಮೊತ್ತ ಅದೇ ಮೂರು. ಆದರೆ ಎರಡನೆಯದು ನನ್ನ ಕುದುರೆ ತೋಪಿಗೆ 4 ಇಂಚು ದೂರದಲ್ಲಿ ಬಂದು ನಿಂತಾಗ ಹಾರಿತು, 3 ಬಿದ್ದರೂ ತಾಗುವ ದೂರದಿಂದ. ಕುದುರೆ ಅಲ್ಲೇ ನಿಂತಿತು. ಮುಂದಿನ ಸುತ್ತಿನಲ್ಲಿ ಮೂರನೇ ತೋಪು ಅದೇ ಕುದುರೆಗೆ. ಅಷ್ಟರಲ್ಲಿ ಮೊದಲನೆಯದು ಮತ್ತೆ ತುಂಬಿತ್ತು. ನಾನು ಕೆಟ್ಟದಾಗಿ ಸೋತೆ. ಅಷ್ಟು ಖುಷಿಯಾಗಿದ್ದು ಆ ಇಡೀ ವರ್ಷದಲ್ಲಿ ಮತ್ತೊಮ್ಮೆ ಇಲ್ಲ.

ಅದಕ್ಕೇ ಯಾರಾದರೂ ಶುರು ಮಾಡುತ್ತೇನೆ ಅಂದರೆ ನಾನು ಒಂದೇ ಮಾತು ಹೇಳುತ್ತೇನೆ. ಮೊದಲು ರಟ್ಟಿನಲ್ಲಿ ಆಡಿ. ಗೊಂಬೆ ಆಮೇಲೆ ಕೊಳ್ಳಿ. ಆಡಿದ ಮೇಲೆ ನಿಮಗೆ ಬೇಕಾದದ್ದು ಏನು, ಎಷ್ಟು ಅಂತ ತಾನಾಗಿ ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದು ಬಕಲ್ ಕಾಣುವ ಹತ್ತು ಗೊಂಬೆ ಅಲ್ಲ. ದೂರದಿಂದ ನೋಡಿದರೆ ದಂಡು ಅನ್ನಿಸುವ 24 ಪಡೆ.

ಜೂನ್‌ನಲ್ಲಿ 15 ಮಿಲಿಮೀಟರ್ ಅಳತೆಗೆ ಇಳಿದೆ. ಹೈದರಾಬಾದಿನಲ್ಲಿ ರೆಸಿನ್ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಗೊಂಬೆ 3ಡಿ ಪ್ರಿಂಟ್ ಮಾಡಿಕೊಡುವವರೊಬ್ಬರಿಂದ ಎಲ್ಲವನ್ನೂ ತರಿಸಿದೆ. ಒಂದು ಪಡೆಗೆ ನಾಲ್ಕು ಕಾಲಾಳು ಅಥವಾ ಮೂರು ಕುದುರೆ. ಪಾರ್ಸೆಲ್ ಬಿಚ್ಚಿದರೆ ಈಟಿಗಳೆಲ್ಲಾ ಬಾಡಿದ ಕೊತ್ತಂಬರಿ ಕಡ್ಡಿಯ ಹಾಗೆ ಬಾಗಿದ್ದವು. ತೆಳು ರೆಸಿನ್ ಬಿಸಿಗೆ ಮೆತ್ತಗಾಗುತ್ತದೆ. ಔಷಧಿಯೂ ಅದೇ ಬಿಸಿ. ಕೈ ತಾಳದಷ್ಟು ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಈಟಿ ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತದೆ. ನಲವತ್ತು ಈಟಿ ಹೀಗೆ ನೆಟ್ಟಗೆ ಮಾಡಿದೆ, ಮೂರು ಮುರಿದವು.

ಬಣ್ಣಕ್ಕೆ ಅಂಗಡಿಯಲ್ಲಿ ಸಿಗುವ ಫೆವಿಕ್ರಿಲ್ ಸಾಕಾಯಿತು. ಆದರೆ ನೀರು ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಿ ಎರಡು ಸಲ ಹಚ್ಚಬೇಕು. ದಪ್ಪಗೆ ಒಮ್ಮೆ ಹಚ್ಚಿದರೆ ಮುಖ ಮುಚ್ಚಿಹೋಗುತ್ತದೆ. ನಮ್ಮ ಊರಿನಲ್ಲಿ ತೊಂದರೆ ಏನಂದರೆ ತಟ್ಟೆಯಲ್ಲಿ ಹಾಕಿದ ಬಣ್ಣ ಐದು ನಿಮಿಷಕ್ಕೆ ಒಣಗುತ್ತದೆ. ಹಳೇ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಪಾತ್ರೆ ತಿಕ್ಕುವ ಸ್ಪಂಜು ಕತ್ತರಿಸಿ ಹಾಸಿ, ನೀರು ಕುಡಿಸಿ, ಮೇಲೆ ಬಟರ್ ಪೇಪರ್ ಇಟ್ಟೆ. ಬಣ್ಣ ಅದರ ಮೇಲೆ. ಮುಚ್ಚಳ ಹಾಕಿದರೆ ಮರುದಿನವೂ ಹಸಿ ಇರುತ್ತದೆ. ಬೋರ್ ನೀರು ಮಾತ್ರ ಬೇಡ. ನಮ್ಮ ಮನೆಯ ಬೋರ್ ನೀರು ಗಡಸು. ತೆಳು ಕಂದು ಬಣ್ಣ ಒಣಗಿದ ಮೇಲೆ ಕುದುರೆಯ ಬೆನ್ನಿನ ಮೇಲೆ ಬಿಳಿ ಕಲೆ ಎದ್ದವು. ಕುಡಿಯುವ ಫಿಲ್ಟರ್ ನೀರಿಗೆ ಬದಲಾಯಿಸಿದ ಮೇಲೆ ನಿಂತಿತು. ಕುಂಚದ ವಿಷಯದಲ್ಲೂ ನಾನು ತಪ್ಪು ತಿಳಿದಿದ್ದೆ. ಸಣ್ಣ ಗೊಂಬೆಗೆ ಅತಿ ಸಣ್ಣ ಕುಂಚ ಬೇಕು ಅಂದುಕೊಂಡಿದ್ದೆ. ಆ ಮೂರು ಸೊನ್ನೆಯ ಕುಂಚದ ತುದಿಯಲ್ಲಿ ಬಣ್ಣ ಗೊಂಬೆ ಮುಟ್ಟುವಷ್ಟರಲ್ಲಿ ಒಣಗುತ್ತದೆ. ಚೂಪು ತುದಿಯ 1ನೇ ನಂಬರ್ ಕುಂಚವೇ ಒಳ್ಳೆಯದು, ಹೊಟ್ಟೆಯಲ್ಲಿ ಬಣ್ಣ ಹಿಡಿದುಕೊಂಡಿರುತ್ತದೆ.

ಬೀದರಿನಲ್ಲಿ ಕಲಿತದ್ದು ಬೇರೆ. ಆಗಸ್ಟಿನಲ್ಲಿ ಅಕ್ಕನ ಮನೆಗೆ ಹೋದಾಗ ಒಬ್ಬ ಬಿದ್ರಿ ಕೆಲಸಗಾರರ ಪಕ್ಕ ಒಂದು ಮಧ್ಯಾಹ್ನ ಕೂತಿದ್ದೆ. ಸತುವು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಬೂದು ಬಣ್ಣದ್ದು. ಅದಕ್ಕೆ ಮೈಲುತುತ್ತದ ನೀರು ಒರೆಸಿದರು, ಮೈಯೆಲ್ಲಾ ಕಪ್ಪಾಯಿತು. ಆ ಕಪ್ಪಿನ ಮೇಲೆ ಚೂಪು ಮೊಳೆಯಿಂದ ಬಳ್ಳಿ ಗೀರಿದಾಗ ಗೆರೆ ಬೆಳ್ಳಗೆ ಎದ್ದು ಕಂಡಿತು. ಆ ಗೆರೆ ಹಿಡಿದೇ ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ತರುವ ಕಪ್ಪು ಬೇರೆ. ಇದು ಕೆಲಸ ಮಾಡುವಾಗ ಕಣ್ಣಿಗೆ ಕಾಣಲಿ ಅಂತ ಹಾಕುವ ಕಪ್ಪು ಅಷ್ಟೇ. ನಾನು ಅಲ್ಲಿಯವರೆಗೆ ಬಿಳಿ ಪ್ರೈಮರ್ ಮೇಲೆ ನೇರವಾಗಿ ಬಣ್ಣ ಹಚ್ಚುತ್ತಿದ್ದೆ. ಬಿಳಿಯ ಮೇಲೆ ರುಮಾಲು ಎಲ್ಲಿ ಮುಗಿಯುತ್ತದೆ, ಹಣೆ ಎಲ್ಲಿ ಶುರು ಅಂತ ಗೊತ್ತೇ ಆಗುತ್ತಿರಲಿಲ್ಲ. ಊರಿಗೆ ಬಂದು ಮೊದಲು ಇಡೀ ಗೊಂಬೆಗೆ ನೀರಿನಂಥ ಕಡುಗಂದು ಹರಿಸಿದೆ. ಅದು ಸಂದಿಗಳಿಗೆ ಇಳಿದು ಕೂತಿತು. ಮೀಸೆ, ಬಿಲ್ಲಿನ ಹೆದೆ, ಬೆರಳು, ಎಲ್ಲಾ ತಾವಾಗಿ ಎದ್ದು ನಿಂತವು. ಆವತ್ತಿನಿಂದ ಒಂದು ಗೊಂಬೆಗೆ ನಲವತ್ತು ನಿಮಿಷ ಹಿಡಿಯುತ್ತಿದ್ದದ್ದು ಹದಿನೈದಕ್ಕೆ ಇಳಿಯಿತು.

ಗೊಂಬೆಗಳ ಕಾಲಡಿಯ ನೆಲಕ್ಕೆ ಹೊಲದ ಎರೆಮಣ್ಣನ್ನೇ ತಂದೆ. ಹಂಚಿನ ಮೇಲೆ ಹುರಿದು, ಚಹಾ ಸೋಸುವ ಜಾಲರಿಯಲ್ಲಿ ಜಾಲಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ ಹಚ್ಚಿದೆ. ಒಣಗಿದಾಗ ಬಿರುಕು ಬಿಟ್ಟಿತು. ಹಾಳಾಯಿತು ಅಂತ ಕೆರೆಯಲು ಹೊರಟವನು ದೀಪದ ಬೆಳಕಿಗೆ ಹಿಡಿದು ನೋಡಿದೆ. ಬೇಸಿಗೆಯಲ್ಲಿ ನಮ್ಮ ಹೊಲ ಬಾಯಿ ಬಿಡುವುದು ಹೀಗೇ ಅಲ್ವಾ? ಹಾಗೇ ಬಿಟ್ಟೆ. ಬೆಟ್ಟಕ್ಕೆ ಅವ್ವನ ಹಳೇ ಕೌದಿ. ಕೆಳಗೆ ಎರಡು ಪುಸ್ತಕ ಇಟ್ಟರೆ ದಿಬ್ಬ.

ದಸರಾ ಸೂಟಿಗೆ ಹುಡುಗ ಬಂದಾಗ ಬಣ್ಣದ ಪಡೆಗಳು ಮೊದಲ ಸಲ ಮೇಜಿಗೆ ಇಳಿದವು. ಒಂದು ಆನೆಗೆ ಆಗಿನ್ನೂ ಅಂಬಾರಿಯ ಬಣ್ಣ ಆಗಿರಲಿಲ್ಲ. ಈಗ ನೋಟ್‌ಬುಕ್ ಹೀಗಿದೆ. ಒಟ್ಟು 17, ಅದರಲ್ಲಿ ನಾಲ್ಕು ನಾನೊಬ್ಬನೇ ಎರಡೂ ಕಡೆ ಆಡಿದ್ದು. ತೋಪು ಒಮ್ಮೆಲೆ ಹಾರಿಸಿದ 6ರಲ್ಲಿ ರಾಯ 5 ಗೆದ್ದ. ಒಂದೊಂದೇ ಹಾರಿಸಿದ 11ರಲ್ಲಿ ರಾಯ ಗೆದ್ದದ್ದು 2.

ಹೊರಡುವ ಹಿಂದಿನ ರಾತ್ರಿ ಹುಡುಗ ಈ ಪುಟ ನೋಡುತ್ತಾ ಕೇಳಿದ. "ಮಾಮಾ, ಒಂದೊಂದೇ ಹೊಡೆದ್ರ ಗೆಲ್ತಿದ್ರು. ಮತ್ತ ಅವ್ರು ಯಾಕ ಎಲ್ಲಾ ಒಮ್ಮೆಲೆ ಹೊಡೆದ್ರು? ಅಷ್ಟೂ ತಿಳಿಲಿಲ್ಲೇನು?"

ತಿಳಿಯದೇ ಮಾಡಿರಲಾರರು. ನಮ್ಮ ನಿಯಮದಲ್ಲೇ ಏನೋ ಕಮ್ಮಿ ಇದೆ. ನಮ್ಮ ರಟ್ಟಿಗೆ ಹೆದರಿಕೆ ಇಲ್ಲ. ಎಲ್ಲಾ ತೋಪೂ ಒಟ್ಟಿಗೆ ಗುಡುಗಿದರೆ ಏಟು ತಿಂದವನ ಪಕ್ಕದವನೂ ಕದಲುತ್ತಾನೆ. ಆನೆ ತಿರುಗುತ್ತದೆ. ನೂನಿಜ್ ಹೇಳುವುದೂ ಅದನ್ನೇ, ಇಡೀ ಮುಂದಿನ ಸಾಲೇ ಒಡೆಯಿತು. ಹಾಗಾಗಿ ಹೊಸ ನಿಯಮ ಬರೆದಿದ್ದೇವೆ. ಮೂರು ತೋಪು ಒಟ್ಟಿಗೆ ಹಾರಿದರೆ, ಏಟು ಬಿದ್ದ ಪಡೆಗೆ ತಾಗಿ ನಿಂತವರೆಲ್ಲಾ ಒಂದೊಂದು ದಾಳ ಹಾಕಬೇಕು. 1 ಅಥವಾ 2 ಬಿದ್ದರೆ ಎಂಟು ಇಂಚು ಹಿಂದಕ್ಕೆ. ಆನೆಗಾದರೆ 3 ಬಿದ್ದರೂ ಹಿಂದಕ್ಕೆ, ದಾರಿಯಲ್ಲಿ ಸಿಕ್ಕ ತನ್ನ ಕಾಲಾಳನ್ನೂ ತುಳಿದುಕೊಂಡು. ಬರುವ ಭಾನುವಾರ ನಾನು ಬೀದರಿಗೆ ಹೋಗುತ್ತಿದ್ದೇನೆ. ಎರಡೂ ಮಿಠಾಯಿ ಡಬ್ಬಿ ಚೀಲದಲ್ಲಿ ಇಟ್ಟಾಗಿದೆ, ಕೌದಿಯೂ.