ನಕ್ಷೆಯಲ್ಲಿ ಅರ್ಧವೇ ರೆಕ್ಕೆ

ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯ ಏರ್ ವಿಂಗ್‌ನಲ್ಲಿದ್ದಾಗ ನಾನು ಎರಡು ಮಾದರಿ ವಿಮಾನಗಳನ್ನು ಮಾಡಿದ್ದೆ. ಮಾಡಿದ್ದೆ ಎನ್ನುವುದಕ್ಕಿಂತ ಜೋಡಿಸಿದ್ದೆ ಎನ್ನುವುದು ಸರಿ, ಏಕೆಂದರೆ ಅವು ಕಿಟ್‌ಗಳು. ತುಂಡುಗಳೆಲ್ಲ ಅಳತೆಗೆ ಕತ್ತರಿಸಿ ಬಂದಿದ್ದವು, ನನ್ನ ಪಾಲಿಗೆ ಉಳಿದಿದ್ದು ಅಂಟು ಹಚ್ಚುವುದು ಮಾತ್ರ. ಮೂವತ್ತು ವರ್ಷಗಳ ನಂತರ ಮತ್ತೆ ಈ ಹವ್ಯಾಸಕ್ಕೆ ಮರಳಿದಾಗ ಬರೀ ನಕ್ಷೆಯೊಂದನ್ನು ಹಿಡಿದು, ಮರದ ಹಾಳೆಯಿಂದ ಪ್ರತಿಯೊಂದು ತುಂಡನ್ನೂ ನಾನೇ ಕತ್ತರಿಸಿ ವಿಮಾನ ಮಾಡಬೇಕೆಂದು ನಿರ್ಧರಿಸಿದೆ. ಆರಿಸಿಕೊಂಡದ್ದು ಹಳೆಯ ಕಾಲದ ಸರಳ ವಿನ್ಯಾಸ: ರೆಕ್ಕೆ ಒಡಲಿನ ಮೇಲೆ ಕೂರುತ್ತದೆ, ಒಂದು ತುದಿಯಿಂದ ಇನ್ನೊಂದು ತುದಿಗೆ 24 ಇಂಚು, ಅಂದರೆ ಸುಮಾರು 61 ಸೆಂ.ಮೀ. ಇಂಜಿನ್ ಇಲ್ಲ, ರಿಮೋಟ್ ಇಲ್ಲ. ಒಡಲಿನೊಳಗೆ ಹುರಿಗೊಂಡ ರಬ್ಬರ್ ಬಿಚ್ಚಿಕೊಳ್ಳುತ್ತಾ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಕೈಬಿಟ್ಟ ಮೇಲೆ ವಿಮಾನ ತನ್ನ ಪಾಡಿಗೆ ತಾನು ಹಾರುತ್ತದೆ. ಹಾಗಾಗಿ ಕಟ್ಟುವಾಗ ಉಳಿದ ತಪ್ಪನ್ನು ಗಾಳಿಯಲ್ಲಿ ತಿದ್ದುವ ಅವಕಾಶವಿಲ್ಲ.

ಮೊದಲ ಎಡವಟ್ಟು ಮುದ್ರಣದಲ್ಲೇ ಆಯಿತು. ಕಡತವನ್ನು ಮುದ್ರಣದ ಅಂಗಡಿಯಲ್ಲಿ ದೊಡ್ಡ ಹಾಳೆಗೆ ತೆಗೆಸಿಕೊಂಡು ಬಂದು, 12 ಇಂಚು ಎಂದು ಬರೆದಿದ್ದ ಅರ್ಧ ರೆಕ್ಕೆಯ ಮೇಲೆ ಸ್ಕೇಲ್ ಇಟ್ಟು ನೋಡಿದರೆ 305 ಮಿ.ಮೀ. ಇರಬೇಕಾದಲ್ಲಿ 295 ಮಿ.ಮೀ. ಇತ್ತು. ಹಾಳೆಗೆ ಹೊಂದಿಸುವ ಆಯ್ಕೆಯನ್ನು ಯಂತ್ರದಲ್ಲಿ ಹಾಗೆಯೇ ಬಿಟ್ಟಿದ್ದರಿಂದ ಇಡೀ ಚಿತ್ರ ನೂರಕ್ಕೆ ಮೂರರಷ್ಟು ಕುಗ್ಗಿತ್ತು. ವಿಮಾನ ಒಂದಿಷ್ಟು ಚಿಕ್ಕದಾದರೆ ನಷ್ಟವೇನು ಎಂದು ಕೇಳಬಹುದು. ವಿಮಾನ ಕುಗ್ಗುತ್ತದೆ, ಆದರೆ ಮರದ ದಪ್ಪ ಕುಗ್ಗುವುದಿಲ್ಲ. ಕಡ್ಡಿ ಕೂರಬೇಕಾದ ಕಚ್ಚುಗಳೆಲ್ಲ ಬಿಗಿಯಾಗಿ, ಒಂದೊಂದನ್ನೂ ಉಜ್ಜಿ ಅಗಲಿಸಬೇಕಾಗುತ್ತದೆ. ಮತ್ತೊಮ್ಮೆ ಹೋಗಿ ನೂರಕ್ಕೆ ನೂರರ ಅಳತೆಯಲ್ಲಿ ತೆಗೆಸಿದೆ. ಇದರ ಜೊತೆಗೆ ಇಂಚಿನ ತೊಡಕು ಬೇರೆ ಇತ್ತು. ನಕ್ಷೆ ಹದಿನಾರನೆಯ ಒಂದು ಇಂಚು ದಪ್ಪದ ಮರದ ಹಾಳೆ ಎಂದರೆ ಅದು 1.6 ಮಿ.ಮೀ.; ನಮ್ಮಲ್ಲಿ ಸಿಗುವುದು 1.5 ಮಿ.ಮೀ. ಎಂಟನೆಯ ಒಂದು ಇಂಚಿನ ಕಡ್ಡಿ 3.2 ಮಿ.ಮೀ.; ನಮ್ಮ ಹಾಳೆಯಿಂದ ಸೀಳಿದರೆ 3 ಮಿ.ಮೀ. ವ್ಯತ್ಯಾಸ ಕಾಣುವಷ್ಟಿಲ್ಲವಾದರೂ ನಕ್ಷೆಯ ಕಚ್ಚನ್ನೇ ನಂಬಿ ಕತ್ತರಿಸಿದರೆ ಕಡ್ಡಿ ಅಲುಗಾಡುತ್ತದೆ. ಕಚ್ಚನ್ನು ಗೆರೆಯ ಮೇಲಲ್ಲ, ಕೈಯಲ್ಲಿರುವ ಕಡ್ಡಿಯನ್ನು ಇಟ್ಟು ನೋಡಿ ಕತ್ತರಿಸಬೇಕೆಂದು ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳಲ್ಲಿ, ಅಂದರೆ ಪಕ್ಕೆಲುಬುಗಳಲ್ಲಿ, ಎರಡನೆಯದಕ್ಕೆ ಬರುವಷ್ಟರಲ್ಲಿ ಕಲಿತೆ.

ಮರ ಬಾಲ್ಸಾ. ಜಗತ್ತಿಗೆ ಹೆಚ್ಚಿನ ಪಾಲು ಎಕ್ವಡಾರ್‌ನಿಂದ ಬರುವ ಈ ಮರ ಹಾಳೆಯಿಂದ ಹಾಳೆಗೆ ಎಷ್ಟು ಬೇರೆಯಾಗಿರುತ್ತದೆಂದರೆ ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ನಕ್ಷೆಯಲ್ಲಿ ಇದರ ಬಗ್ಗೆ ಒಂದು ಮಾತೂ ಇರಲಿಲ್ಲ. ಚಿನ್ನ ತೂಗುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಕೊಂಡು ಪ್ರತಿ ಹಾಳೆಯನ್ನೂ ತೂಗಿ ಅದರ ಮೂಲೆಯಲ್ಲಿ ತೂಕ ಬರೆದಿಟ್ಟೆ. 10 ಸೆಂ.ಮೀ. ಅಗಲ, 1 ಮೀಟರ್ ಉದ್ದ, 1.5 ಮಿ.ಮೀ. ದಪ್ಪದ ಹಾಳೆ 18 ಗ್ರಾಂ ತೂಗಿದರೆ ಅದು ಘನ ಮೀಟರಿಗೆ 120 ಕೆ.ಜಿ.ಯ ಮರ, ಪಕ್ಕೆಲುಬು ಮತ್ತು ಬಾಲಕ್ಕೆ ಅದು ಸಾಕು. ಒಡಲಿನ ಉದ್ದ ಕಡ್ಡಿಗಳಿಗೆ ಮಾತ್ರ ಭಾರವಾದ, ಗಟ್ಟಿಯಾದ ಹಾಳೆಯನ್ನು ಎತ್ತಿಟ್ಟುಕೊಂಡೆ, ಏಕೆಂದರೆ ಬಿಗಿದ ರಬ್ಬರ್ ಮೂತಿಯನ್ನೂ ಬಾಲವನ್ನೂ ಒಂದರ ಕಡೆಗೆ ಒಂದನ್ನು ಎಳೆಯುವ ಬಲವನ್ನೆಲ್ಲ ಅವೇ ತಾಳಬೇಕು. ಹಾಳೆಯ ಎಳೆಯನ್ನೂ ನೋಡಬೇಕು: ಮೇಲ್ಮೈಯಲ್ಲಿ ಮಚ್ಚೆಮಚ್ಚೆಯಾಗಿ ಹೊಳೆಯುವ ‘ಸಿ ಗ್ರೇನ್’ ಹಾಳೆ ಅಡ್ಡಕ್ಕೆ ಬಾಗುವುದಿಲ್ಲ, ಪಕ್ಕೆಲುಬಿಗೆ ಅದೇ ಬೇಕು, ಉದ್ದುದ್ದ ಎಳೆಯ ‘ಎ ಗ್ರೇನ್’ ಹಾಳೆ ಸುಲಭವಾಗಿ ಬಳುಕುತ್ತದೆ, ಮೂತಿಯ ಬಳಿ ಸುತ್ತಿಸಿ ಮುಚ್ಚಲು ಅದು ಸರಿ.

ಒಡಲಿನ ಕೆಲಸ ನೇರವಾಗಿತ್ತು. ಸೂಚನಾ ಫಲಕಕ್ಕೆ ಬಳಸುವ ಮೆತ್ತನೆಯ ಹಲಗೆಯ ಮೇಲೆ ನಕ್ಷೆ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಕಡ್ಡಿಗಳ ಎರಡೂ ಪಕ್ಕದಲ್ಲಿ ಗುಂಡುಸೂಜಿ ಚುಚ್ಚಿ ನಿಲ್ಲಿಸಿ ಅಂಟಿಸಿದೆ. ಕಡ್ಡಿಯ ಮೈಗೇ ಸೂಜಿ ಚುಚ್ಚಬಾರದು, ಅಲ್ಲೇ ಮುರಿಯುತ್ತದೆ. ಎರಡು ಪಕ್ಕಗಳೂ ಒಂದೇ ಆಕಾರದಲ್ಲಿರಲೆಂದು ಒಂದರ ಮೇಲೆ ಇನ್ನೊಂದನ್ನು ಕಟ್ಟಿ, ಒಣಗಿದ ಮೇಲೆ ಬ್ಲೇಡಿನಿಂದ ಬಿಡಿಸಿದೆ. ಅಂಟಿಗೆ ಹೆಚ್ಚಾಗಿ ಫೆವಿಕಾಲ್ ಬಳಸಿದೆ. ಫೆವಿಕ್ವಿಕ್ ಕ್ಷಣದಲ್ಲಿ ಹಿಡಿಯುತ್ತದಾದರೂ ತಪ್ಪಿದರೆ ಸರಿಪಡಿಸಲು ಬಿಡುವುದಿಲ್ಲ, ಮತ್ತು ನನ್ನಂಥವನಿಗೆ ಸರಿಪಡಿಸುವ ಅವಕಾಶ ಬೇಕೇ ಬೇಕು.

ಅದು ರೆಕ್ಕೆಯಲ್ಲಿ ರುಜುವಾತಾಯಿತು. ಜಾಗ ಉಳಿಸಲು ಹಳೆಯ ನಕ್ಷೆಗಳಲ್ಲಿ ರೆಕ್ಕೆಯ ಎಡ ಅರ್ಧವನ್ನು ಮಾತ್ರ ಬರೆದು, ಬಲ ಅರ್ಧ ಇದರ ಪ್ರತಿಬಿಂಬ ಎಂದು ಮೂಲೆಯಲ್ಲಿ ಒಂದು ಸಾಲು ಹಾಕಿರುತ್ತಾರೆ. ಆ ಸಾಲನ್ನು ನಾನು ಓದಿದ್ದೆ, ಓದಿ ಮರೆತಿದ್ದೆ. ಎರಡು ಪ್ಲೈವುಡ್ ಅಚ್ಚುಗಳ ನಡುವೆ ಬಾಲ್ಸಾ ತುಂಡುಗಳನ್ನು ಪೇರಿಸಿ, ಒಟ್ಟಿಗೆ ಉಜ್ಜಿ ಮಾಡಿದ ಹದಿನಾಲ್ಕು ಪಕ್ಕೆಲುಬುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಬಂದಿದ್ದವು, ಆ ಹಿಗ್ಗಿನಲ್ಲೇ ಮೊದಲ ಅರ್ಧವನ್ನು ಕಟ್ಟಿ, ಹಲಗೆಯಿಂದ ಎತ್ತಿ, ಅದೇ ಗೆರೆಗಳ ಮೇಲೆ ಎರಡನೆಯದನ್ನೂ ಕಟ್ಟಿದೆ. ಎರಡು ರಾತ್ರಿಗಳ ಕೆಲಸ. ಮರುದಿನ ಅಕ್ಕನ ಮಗ ಬಂದವನು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿ, “ಮಾವ, ಇವೆರಡೂ ಎಡಗಾಲಿನ ಚಪ್ಪಲಿ ಇದ್ದ ಹಾಗಿದೆಯಲ್ಲ” ಎಂದ. ತಿರುಗಿಸಿ ಇಟ್ಟರೆ ರೆಕ್ಕೆಯ ಮುಂದಿನ ಅಂಚು ಹಿಂದಾಗುತ್ತಿತ್ತು. ಮಗುಚಿ ಇಟ್ಟರೆ ಪಕ್ಕೆಲುಬಿನ ಉಬ್ಬು ಕೆಳಗಾಗುತ್ತಿತ್ತು. ಬೇರೆ ದಾರಿ ಇರಲಿಲ್ಲ. ಒದ್ದೆ ಬಟ್ಟೆಯಿಂದ ಅಂಟನ್ನು ಮೆತ್ತಗೆ ಮಾಡಿ ಬಿಡಿಸಿದಾಗ ಏಳು ಪಕ್ಕೆಲುಬುಗಳಲ್ಲಿ ಐದು ಉಳಿದವು, ಎರಡನ್ನು ಹೊಸದಾಗಿ ಮಾಡಿದೆ.

ಬಲ ರೆಕ್ಕೆಗೆ ಹಳಬರ ಉಪಾಯವನ್ನೇ ಅನುಸರಿಸಿದೆ: ನಕ್ಷೆಯ ಕಾಗದಕ್ಕೆ ಎಣ್ಣೆ ಸವರಿದರೆ ಅದು ಪಾರದರ್ಶಕವಾಗಿ, ಮಗುಚಿದಾಗ ಗೆರೆಗಳು ಹಿಂಬದಿಯಿಂದ ಕಾಣುತ್ತವೆ. ಮನೆಯಲ್ಲಿ ಇದ್ದದ್ದು ಕೊಬ್ಬರಿ ಎಣ್ಣೆ. ಹತ್ತಿಯಿಂದ ಸವರಿ, ಹೆಚ್ಚಿನದನ್ನು ಹಳೆಯ ಪತ್ರಿಕೆಯಿಂದ ಒತ್ತಿ ತೆಗೆದೆ. ಪ್ಲಾಸ್ಟಿಕ್ ಹಾಸದೆ ಕೆಲಸ ಮಾಡಿದರೆ ಎಣ್ಣೆ ಮರಕ್ಕೆ ಹತ್ತಿ ಅಂಟು ಹಿಡಿಯುವುದಿಲ್ಲ, ಅಷ್ಟು ಎಚ್ಚರ ಸಾಕು. ಮುದ್ರಣದ ಅಂಗಡಿಯಲ್ಲೇ ಕನ್ನಡಿ ಪ್ರತಿಯೊಂದನ್ನು ತೆಗೆಸಿಕೊಳ್ಳಬಹುದಿತ್ತೆಂಬುದು ಕೈಯೆಲ್ಲ ಎಣ್ಣೆಯಾದ ಮೇಲೆ ಹೊಳೆಯಿತು.

ಎರಡೂ ಅರ್ಧಗಳನ್ನು ಸೇರಿಸುವಾಗ ಪ್ರತಿ ತುದಿಯನ್ನು 45 ಮಿ.ಮೀ. ಎತ್ತರಿಸಿದೆ. ನಿಯಂತ್ರಣವಿಲ್ಲದ ವಿಮಾನ ಒಂದು ಪಕ್ಕಕ್ಕೆ ವಾಲಿದಾಗ ತಾನಾಗಿಯೇ ಸರಿಹೋಗುವುದು ಈ ‘ವಿ’ ಆಕಾರದಿಂದ. ನಕ್ಷೆ ಇದನ್ನು ಬರೆದಿತ್ತು. ಬರೆಯದೆ ಬಿಟ್ಟದ್ದು ಇನ್ನೊಂದು: ಪಕ್ಕದ ನೋಟದಲ್ಲಿ ರೆಕ್ಕೆಯ ಗೆರೆ ಬಾಲದ ಗೆರೆಗಿಂತ ತುಸು ಮೇಲಕ್ಕೆ ಮೂತಿ ಎತ್ತಿತ್ತು. ಕೋನಮಾಪಕ ಇಟ್ಟು ಅಳೆದರೆ 3 ಡಿಗ್ರಿ. ಅಷ್ಟೇ ಎಂದುಕೊಂಡು ರೆಕ್ಕೆ ಕೂರುವ ಜಾಗವನ್ನು ಸಮ ಮಾಡಿಬಿಟ್ಟಿದ್ದರೆ ವಿಮಾನ ನೆಲಕ್ಕೆ ಮೂತಿ ಚುಚ್ಚುತ್ತಿತ್ತು. ಬಾಲ ರೆಕ್ಕೆಗಿಂತ ಕಡಿಮೆ ಕೋನದಲ್ಲಿದ್ದರೆ ವಿಮಾನ ಮೂತಿ ಇಳಿಸಿದಾಗಲೂ ಎತ್ತಿದಾಗಲೂ ತನ್ನ ಹದಕ್ಕೆ ಮರಳುತ್ತದೆ ಎಂಬುದನ್ನು ಫ್ರಾನ್ಸಿನ ಅಲ್ಫೋನ್ಸ್ ಪೆನೋ 1871ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಟ್ಯೂಲರಿ ಉದ್ಯಾನದಲ್ಲಿ, ಹುರಿದ ರಬ್ಬರಿನಿಂದ ಓಡುವ ಪುಟ್ಟ ಮಾದರಿಯೊಂದನ್ನು 11 ಸೆಕೆಂಡು ಹಾರಿಸಿ ತೋರಿಸಿದ್ದ. ನನ್ನ ಮೇಜಿನ ಮೇಲಿದ್ದದ್ದು ಅದೇ ವಂಶದ ಕೂಸು.

ಹೊದಿಕೆಗೆ ಅವೆನ್ಯೂ ರಸ್ತೆಯ ಕಾಗದದ ಅಂಗಡಿಯಿಂದ ತಂದ ತೆಳು ಟಿಶ್ಯೂ. ಅದಕ್ಕೂ ಎಳೆಯಿದೆ, ಹರಿದಾಗ ಯಾವ ದಿಕ್ಕಿಗೆ ನೇರವಾಗಿ ಸೀಳುತ್ತದೆಯೋ ಆ ದಿಕ್ಕು ರೆಕ್ಕೆಯ ಉದ್ದಕ್ಕೆ ಬರಬೇಕು. ನೀರು ಬೆರೆಸಿದ ಫೆವಿಕಾಲ್‌ನಿಂದ ಅಂಚುಗಳನ್ನು ಅಂಟಿಸಿ, ತುಂತುರು ನೀರು ಸಿಂಪಡಿಸಿದರೆ ಸುಕ್ಕೆಲ್ಲ ಮಾಯವಾಗಿ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಒಣಗುವಾಗ ರೆಕ್ಕೆಯನ್ನು ಹಲಗೆಗೆ ಒತ್ತಿ ಹಿಡಿದಿರಬೇಕು, ಇಲ್ಲವಾದರೆ ತಿರುಚಿಕೊಳ್ಳುತ್ತದೆ. ನಾನು ತುದಿಗಳ ಹಿಂದಿನ ಅಂಚಿನ ಕೆಳಗೆ 2 ಮಿ.ಮೀ. ದಪ್ಪದ ಚೂರನ್ನಿಟ್ಟು ಬೇಕೆಂದೇ ಅಷ್ಟು ತಿರುಚು ಕೊಟ್ಟೆ. ವೇಗ ಕುಸಿದಾಗ ರೆಕ್ಕೆಯ ತುದಿ ಮೊದಲು ಸೋಲದಿರಲು ಇದು ನೆರವಾಗುತ್ತದೆ. ಟಿಶ್ಯೂ ಬಿಗಿಗೊಳಿಸಲು ಹಚ್ಚುವ ‘ಡೋಪ್’ ಎಂಬ ಲೇಪದ ಬದಲು ಪೀಠೋಪಕರಣಗಳಿಗೆ ಹಚ್ಚುವ ಎನ್.ಸಿ. ಲ್ಯಾಕರನ್ನು ಥಿನ್ನರ್‌ನಲ್ಲಿ ತೆಳ್ಳಗೆ ಮಾಡಿ, 50 ಮಿ.ಲೀ.ಗೆ ಐದಾರು ಹನಿ ಹರಳೆಣ್ಣೆ ಬೆರೆಸಿದೆ; ಹರಳೆಣ್ಣೆ ಇಲ್ಲದಿದ್ದರೆ ಲ್ಯಾಕರ್ ವರ್ಷಗಟ್ಟಲೆ ಬಿಗಿಯುತ್ತಲೇ ಹೋಗಿ ರೆಕ್ಕೆಯನ್ನು ಡೊಂಕು ಮಾಡುತ್ತದೆ. ಮೊದಲ ಲೇಪವನ್ನು ಜುಲೈನ ಮಳೆಯ ದಿನ ಹಚ್ಚಿದ್ದರಿಂದ ಬಾಲದ ಮೇಲೆಲ್ಲ ಬೂದಿ ಬಳಿದಂತೆ ಬಿಳಿಚಿಕೊಂಡಿತು. ಗಾಳಿಯ ತೇವ ಲ್ಯಾಕರಿನೊಳಗೆ ಸಿಕ್ಕಿಕೊಂಡರೆ ಹಾಗಾಗುತ್ತದೆ. ಬಿಸಿಲಿನ ದಿನ ಬರೀ ಥಿನ್ನರ್ ಸವರಿದಾಗ ಬಿಳುಪು ಹೋಯಿತು. ಈ ಕೆಲಸವನ್ನು ಕಿಟಕಿ ತೆರೆದು, ಒಲೆಯಿಂದ ದೂರ ಮಾಡಬೇಕು.

ರಬ್ಬರ್ ಬಿಟ್ಟು ವಿಮಾನ 38 ಗ್ರಾಂ ತೂಗಿತು. ಮೂತಿಯೊಳಗೆ ಜೇಡಿಮಣ್ಣು ಮೆತ್ತಿ, ರೆಕ್ಕೆಯ ಅಗಲದ ಮುಂಭಾಗದಿಂದ ಮೂರನೆಯ ಒಂದು ಭಾಗದಲ್ಲಿ ಬೆರಳ ಮೇಲೆ ಸಮತೂಗುವಂತೆ ಮಾಡಿದಾಗ 42 ಗ್ರಾಂ. 3 ಮಿ.ಮೀ. ಅಗಲದ ರಬ್ಬರ್ ಪಟ್ಟಿ ಆರು ಎಳೆ, 45 ಸೆಂ.ಮೀ. ಉದ್ದ, ಇನ್ನೊಂದು 8 ಗ್ರಾಂ. ಒಳಗಿನ ಕೊಕ್ಕೆಗಳ ನಡುವಿನ ಅಂತರ 30 ಸೆಂ.ಮೀ. ಮಾತ್ರ. ರಬ್ಬರಿಗೆ ಸಿಲಿಕೋನ್ ಎಣ್ಣೆ ಸವರಿದೆ. ಯಂತ್ರದ ಎಣ್ಣೆ ಹಚ್ಚಿದರೆ ರಬ್ಬರ್ ಕೊಳೆಯುತ್ತದೆ.

ಹಾರಿಸಲು ಮಾಗಡಿಯ ಕಡೆ ರಾಗಿ ಕೊಯ್ಲಾದ ಹೊಲವೊಂದು ಸಿಕ್ಕಿತು. ಡಿಸೆಂಬರ್ ಬೆಳಿಗ್ಗೆ ಆರೂವರೆಗೆ ಎಲೆಯೂ ಅಲುಗದ ಹೊತ್ತು. ಮೊದಲು ರಬ್ಬರ್ ತಿರುವದೆ, ಭುಜದ ಎತ್ತರದಿಂದ ದೂರದ ನೆಲವನ್ನು ಗುರಿಯಾಗಿಟ್ಟು ಮೆಲ್ಲಗೆ ತಳ್ಳಿದೆ. ಎರಡು ಸಲ ಮೂತಿ ಎತ್ತಿ, ನಿಂತು, ಕುಸಿಯಿತು. ಮೂತಿಗೆ ಒಂದು ಗ್ರಾಂ ಮಣ್ಣು ಸೇರಿಸಿದ ಮೇಲೆ ಉದ್ದಕ್ಕೆ ಜಾರಿಕೊಂಡು ಹೋಗಿ ಕೂಳೆಯ ಮೇಲೆ ಇಳಿಯಿತು. ನಂತರ ನೂರು ಸುತ್ತು. ಶಕ್ತಿಯಿರುವಷ್ಟು ಹೊತ್ತು ಮತ್ತೆ ಮೂತಿ ಎತ್ತಿ ತೊನೆಯಿತು, ರಬ್ಬರ್ ಮುಗಿದ ಮೇಲೆ ಚೆನ್ನಾಗಿ ತೇಲಿತು. ಇಲ್ಲಿ ಹೊಸಬರು ಮತ್ತೆ ಮಣ್ಣು ಸೇರಿಸಿ ಕೆಡಿಸುತ್ತಾರೆ. ತೇಲುವಿಕೆ ಸರಿಯಿದ್ದು ಏರುವಾಗ ಮಾತ್ರ ತೊಂದರೆ ಇದ್ದರೆ ಮುಟ್ಟಬೇಕಾದದ್ದು ಪ್ರೊಪೆಲ್ಲರಿನ ದಿಕ್ಕನ್ನು. ಮೂತಿಯ ಮರದ ಹಿಂದೆ ಮೇಲ್ಗಡೆ ಒಂದು, ಎಡಗಡೆ ಒಂದು ಲಗ್ನಪತ್ರಿಕೆಯ ಚೂರನ್ನು ಸಿಕ್ಕಿಸಿ, ಪ್ರೊಪೆಲ್ಲರನ್ನು ತುಸು ಕೆಳಕ್ಕೂ ಬಲಕ್ಕೂ ತಿರುಗಿಸಿದೆ.

ಕೊನೆಗೆ ಅಕ್ಕನ ಮಗ ವಿಮಾನವನ್ನು ಹಿಡಿದು ನಿಂತ; ನಾನು ರಬ್ಬರನ್ನು ಮೂರು ಪಟ್ಟು ಉದ್ದಕ್ಕೆ ಎಳೆದು, ಕೈ ಡ್ರಿಲ್ಲಿನ ಕೊಕ್ಕೆಗೆ ಸಿಕ್ಕಿಸಿ, ಅರ್ಧದಷ್ಟು ಸುತ್ತುಗಳು ಮುಗಿದ ಮೇಲೆ ಒಂದೊಂದೇ ಹೆಜ್ಜೆ ಅವನ ಕಡೆಗೆ ಬರುತ್ತಾ 500 ಸುತ್ತು ತುಂಬಿದೆ. ಕೈಬಿಟ್ಟಾಗ ಅದು ಬಲಕ್ಕೆ ದೊಡ್ಡ ಸುತ್ತು ಹಾಕುತ್ತಾ ಹೊಲದಂಚಿನ ತೆಂಗಿನ ಮರಗಳ ಸಮಕ್ಕೆ ಏರಿತು, ಪ್ರೊಪೆಲ್ಲರ್ ನಿಂತ ಮೇಲೂ ಅದೇ ಸುತ್ತಿನಲ್ಲಿ ಇಳಿಯುತ್ತಾ ಬಂತು. ಮೊಬೈಲಿನಲ್ಲಿ 37 ಸೆಕೆಂಡು. ಇಳಿದದ್ದು ಮಾತ್ರ ರಾಗಿ ಕೊಯ್ದ ಮೇಲೂ ಉಳಿದಿದ್ದ ಅಕ್ಕಡಿಯ ಅವರೆ ಸಾಲಿನಲ್ಲಿ. ಮರಕ್ಕೆ ಏನೂ ಆಗಿರಲಿಲ್ಲ. ಬಲ ರೆಕ್ಕೆಯ ಟಿಶ್ಯೂ ಎರಡು ಕಡೆ ಹರಿದು, ಅವರೆಯ ಸೊಗಡು ಅಂಟಿಕೊಂಡಿತ್ತು. ತೇಪೆ ಹಾಕಿ, ಲ್ಯಾಕರ್ ಸವರಿ, ಈಗ ಅದೇ ಹಲಗೆಯ ಮೇಲೆ ಸೂಜಿಗಳ ನಡುವೆ ಒಣಗಲು ಇಟ್ಟಿದ್ದೇನೆ.