ಶಾಲೆಯ ವಿಕಿಪೀಡಿಯ ಪುಟ ಕಾಯ್ದುಕೊಂಡ ಬಗೆ: ನನ್ನ ಅನುಭವ

"ಯಾರು ಬೇಕಾದರೂ ಬರೆಯುವ ಪುಟ ಸಾರ್ ಅದು. ಅದನ್ನು ಕಾಯುವುದು ಅಂದರೆ ಮಳೆಯಲ್ಲಿ ರಂಗೋಲಿ ಹಾಕಿದ ಹಾಗೆ." ಸ್ಟಾಫ್ ರೂಮಿನಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದ ಮಾತು ಇದು. ಆಡಳಿತ ಮಂಡಳಿಯವರೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. ಈಗ ಲೆಕ್ಕ ನೋಡಿ. ಮೊದಲ ಎರಡು ವರ್ಷದಲ್ಲಿ ನಮ್ಮ ಶಾಲೆಯ ಇಂಗ್ಲಿಷ್ ವಿಕಿಪೀಡಿಯ ಪುಟವನ್ನು ಸುಮಾರು 70 ಸಲ ಕೆಡಿಸಿದ್ದರು. ಕಳೆದ 14 ತಿಂಗಳಲ್ಲಿ ನಾಲ್ಕೇ ಸಲ. ಅದರಲ್ಲಿ ಒಂದೂ ಅರ್ಧ ಗಂಟೆ ನಿಂತಿಲ್ಲ. ಮೂರನ್ನು ಸರಿ ಮಾಡಿದ್ದು ನಾನಲ್ಲ, ಬೇರೆಯವರು. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅದೇ.

ನಮ್ಮದು ಬೆಂಗಳೂರಿನ ಚಾಮರಾಜಪೇಟೆ ಕಡೆಯ ಹಳೆಯ ಅನುದಾನಿತ ಶಾಲೆ. ನಾನು ಅಲ್ಲೇ ಓದಿದವನು, ಈಗ ಅಲ್ಲೇ ಗಣಿತ ಪಾಠ ಮಾಡುತ್ತೇನೆ. ಶಾಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಪುಟವನ್ನು ಪರೀಕ್ಷೆ ಮಾಡಿ ನೋಡಲು ಹೋಗುತ್ತಾರೆ. ಮುಂದೆ ಬರುವ ಎರಡು ಮಾತು: ಪುಟದ 'ಇತಿಹಾಸ' ಅಂದರೆ ಅದರಲ್ಲಿ ಆದ ಪ್ರತಿ ಬದಲಾವಣೆಯ ದಾಖಲೆ, 'ಚರ್ಚಾಪುಟ' ಅಂದರೆ ಆ ಪುಟದ ಬಗ್ಗೆ ಮಾತಾಡಿಕೊಳ್ಳುವ ಜಾಗ.

ಮೊದಲು ಮಾಡಿದ ತಪ್ಪು, ಶಾಲೆಯ ಹೆಸರಿನಲ್ಲೇ ಖಾತೆ ತೆರೆದದ್ದು. ಸಂಸ್ಥೆಯ ಹೆಸರಿನ ಖಾತೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಡೆಯುವುದಿಲ್ಲ. ಎರಡೇ ದಿನಕ್ಕೆ ಅದರಿಂದ ಬರೆಯದ ಹಾಗೆ ತಡೆ ಹಾಕಿದರು. ಆಮೇಲೆ ನನ್ನದೇ ಖಾತೆ ಮಾಡಿಕೊಂಡೆ. ಆದರೂ ಬುದ್ಧಿ ಬಂದಿರಲಿಲ್ಲ. ಶಾಲೆ ಶುರುವಾದ ವರ್ಷ 1938 ಎಂದು ನಾನು ಬರೆಯುವುದು, ಇನ್ನೊಬ್ಬರು 1941 ಎಂದು ತಿದ್ದುವುದು. ಒಂದು ಭಾನುವಾರ ಸಂಜೆ ನಾಲ್ಕು ಸಲ ರಿವರ್ಟ್ ಮಾಡಿದೆ, ಅಂದರೆ ಅವರ ತಿದ್ದುಪಡಿ ತೆಗೆದು ಮೊದಲಿನ ಹಾಗೆ ಮಾಡಿದೆ. 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ರಿವರ್ಟ್ ಮಾಡಬಾರದು. ಸ್ಪಷ್ಟವಾದ ಕಿಡಿಗೇಡಿತನದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆದರೆ ಎದುರಿನವರು ಕಿಡಿಗೇಡಿ ಅಲ್ಲವೇ ಅಲ್ಲ, ನಮ್ಮ ಹಳೆ ವಿದ್ಯಾರ್ಥಿ! ಕಟ್ಟಡದ ಮೇಲಿನ ಕಲ್ಲಿನಲ್ಲಿ 1941 ಎಂದು ಕೆತ್ತಿದೆ, ಅವರು ಅದನ್ನು ನಂಬಿದ್ದರು. ನನ್ನ ಹತ್ತಿರ 1938ರ ದಾಖಲಾತಿ ರಿಜಿಸ್ಟರ್ ಇತ್ತು. ತಡೆ ಬಿದ್ದದ್ದು ನನಗೆ, ಒಂದು ದಿನ.

ಆ ರಿಜಿಸ್ಟರ್ ಕೂಡ ಕೆಲಸಕ್ಕೆ ಬರಲಿಲ್ಲ. ಬೀರುವಿನಲ್ಲಿರುವ, ಎಲ್ಲೂ ಅಚ್ಚಾಗದ ಕಾಗದವನ್ನು ಅಲ್ಲಿ ಉಲ್ಲೇಖ ಎಂದು ಒಪ್ಪುವುದಿಲ್ಲ. ಓದುವವರು ತಾವೇ ಹೋಗಿ ನೋಡಲು ಆಗಬೇಕು. ಇದು ನ್ಯಾಯವೇ. ಇದನ್ನು ಒಪ್ಪಿಕೊಳ್ಳಲು ನನಗೆ ಮೂರು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಮಂಡಳಿಯವರು ಒಂದು ಏಜೆನ್ಸಿಯನ್ನು ಹಿಡಿದರು. ಜಯನಗರದಲ್ಲಿ ಆಫೀಸು, ಒಳ್ಳೆ ಸೂಟು ಹಾಕಿದ ಹುಡುಗ. ಒಟ್ಟು 45,000 ಕೇಳಿದರು, 18,000 ಮುಂಗಡ ಕೊಟ್ಟೆವು. ಹತ್ತು ದಿನದಲ್ಲಿ ಪುಟ ಮದುವೆ ಕರೆಯೋಲೆ ಹಾಗಾಯಿತು. 'ಹೆಸರಾಂತ', 'ಅತ್ಯಾಧುನಿಕ', 'ದೂರದೃಷ್ಟಿಯ ನಾಯಕತ್ವ'. ಮೂರು ಖಾತೆಗಳಿಂದ ಒಬ್ಬರೇ ಬರೆದಿದ್ದರು. ದುಡ್ಡು ತೆಗೆದುಕೊಂಡು ಬರೆದರೆ ಅದನ್ನು ತಿಳಿಸಬೇಕು ಎಂದು 2014ರಿಂದಲೇ ಬಳಕೆಯ ನಿಯಮದಲ್ಲಿದೆ. ಇವರು ತಿಳಿಸಿರಲಿಲ್ಲ. ಮೂರೂ ಖಾತೆಗೆ ತಡೆ ಬಿತ್ತು. ಪುಟದ ತಲೆಯ ಮೇಲೆ 'ಇದು ಜಾಹೀರಾತಿನಂತಿದೆ' ಎಂಬ ಫಲಕ ಬಂದು ಕುಳಿತಿತು. ಏಜೆನ್ಸಿ ಫೋನ್ ಎತ್ತಲಿಲ್ಲ. 18,000 ರೂಪಾಯಿ ಅಂದರೆ ನಮ್ಮ ಲ್ಯಾಬಿಗೆ ಎರಡು ಹಳೆ ಕಂಪ್ಯೂಟರ್. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ನಷ್ಟ ದುಡ್ಡಿನದಲ್ಲ, ಮಾನದ್ದು. ಶಾಲೆಯ ವೆಬ್‌ಸೈಟಿನ ಡೊಮೇನಿಗೆ, ಅಂದರೆ ಅದರ ವೆಬ್ ವಿಳಾಸಕ್ಕೆ, ಆಗ ವರ್ಷಕ್ಕೆ ಹೆಚ್ಚೆಂದರೆ ಸಾವಿರ ರೂಪಾಯಿ. ಕೋವಿಡ್ ವರ್ಷದಲ್ಲಿ ಯಾರೂ ನವೀಕರಿಸಲಿಲ್ಲ. ಬೇರೆ ಯಾರೋ ಕೊಂಡು ಅದರಲ್ಲಿ ಜೂಜಿನ ಸೈಟ್ ಇಟ್ಟರು. ನಮ್ಮ ಪುಟದ ಎಂಟೋ ಒಂಬತ್ತೋ ಉಲ್ಲೇಖಗಳು ಜೂಜಿನ ಅಂಗಡಿಗೆ ದಾರಿ ತೋರಿಸುತ್ತಿದ್ದವು. ಒಬ್ಬ ತಾಯಿ ಫೋನ್ ಮಾಡಿ ಹೇಳಿದ ಮೇಲೆ ಗೊತ್ತಾಯಿತು. ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಶೀನಿನಲ್ಲಿ ಹಳೆಯ ಪ್ರತಿಗಳು ಸಿಕ್ಕಿದ್ದು ಪುಣ್ಯ. ಈಗ ಯಾವ ಕೊಂಡಿ ಹಾಕಿದರೂ ಅದೇ ದಿನ ಅಲ್ಲಿ ಒಂದು ಪ್ರತಿ ಉಳಿಸುತ್ತೇನೆ. ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ. ಹೊಸ ಡೊಮೇನನ್ನು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದೇನೆ.

ಆದರೆ ನಾನು ಈ ಕೆಲಸಕ್ಕೆ ಗಂಭೀರವಾಗಿ ಇಳಿದದ್ದು ಇದಕ್ಕೆಲ್ಲ ಅಲ್ಲ. ಒಂದು ರಾತ್ರಿ ಹತ್ತೂವರೆಗೆ ಪುಟ ನೋಡಿದರೆ, ನಮ್ಮ ಒಬ್ಬ ವಿದ್ಯಾರ್ಥಿನಿಯ ಹೆಸರು, ಅವಳ ಮನೆಯ ಫೋನ್ ನಂಬರ್, ಜೊತೆಗೆ ಕೊಳಕು ಮಾತು. ಕೈ ನಡುಗಿತು. ರಿವರ್ಟ್ ಮಾಡಿದೆ. ಆಮೇಲೆ ಹೊಳೆಯಿತು, ಇತಿಹಾಸದಲ್ಲಿ ಅದು ಹಾಗೇ ಇದೆ! ಯಾರು ಬೇಕಾದರೂ ಒತ್ತಿ ನೋಡಬಹುದು. ಇಂಥದ್ದು ಬಂದರೆ ಚರ್ಚಾಪುಟದಲ್ಲಿ ಕೂಗಾಡಬೇಡಿ, ಕೂಗಿದಷ್ಟೂ ನೋಡುವ ಕಣ್ಣು ಜಾಸ್ತಿ. ಓವರ್‌ಸೈಟ್ ತಂಡಕ್ಕೆ ಇಮೇಲ್ ಬರೆಯಿರಿ, ಆ ಆವೃತ್ತಿಯ ಕೊಂಡಿ ಇಟ್ಟು. ಅವರು ನಿರ್ವಾಹಕರ ಕಣ್ಣಿಗೂ ಬೀಳದ ಹಾಗೆ ಮುಚ್ಚುತ್ತಾರೆ. ನಮಗೆ ಸುಮಾರು ಒಂದು ಗಂಟೆಯಲ್ಲಿ ಆಯಿತು. ಆ ಒಂದು ಗಂಟೆ ನಾನು ನಡುಮನೆಯಲ್ಲಿ ನಡೆದಾಡುತ್ತಲೇ ಇದ್ದೆ. ಆ ಮಗು ನನ್ನ ತರಗತಿಯವಳು.

ಮರುದಿನ ಇತಿಹಾಸವನ್ನು ಪೂರ್ತಿ ಕಾಗದಕ್ಕೆ ಇಳಿಸಿದೆ. ತಾರೀಕು, ಗಂಟೆ, ಐಪಿ ವಿಳಾಸ (ಬರೆದವರ ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ). ವಿಕಿಪೀಡಿಯ ತೋರಿಸುವುದು ಯುಟಿಸಿ ಎಂಬ ಜಾಗತಿಕ ಸಮಯ, ನಮ್ಮ ಸಮಯಕ್ಕೆ ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು. ಸೇರಿಸಿದ ಮೇಲೆ ನಮ್ಮ ಶಾಲೆಯ ವೇಳಾಪಟ್ಟಿಯೇ ಎದುರಿಗೆ ಬಂತು. ಅರ್ಧಕ್ಕಿಂತ ಹೆಚ್ಚು ಕಿಡಿಗೇಡಿತನ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ ಒಳಗೆ, ಅದೂ ವಾರದಲ್ಲಿ ಎರಡು ದಿನ. ಒಂಬತ್ತನೇ ತರಗತಿಯ ಕಂಪ್ಯೂಟರ್ ಪೀರಿಯಡ್. ಐಪಿ ವಿಳಾಸ ನಮ್ಮ ಲ್ಯಾಬಿನದೇ. ನಾವು ಹೊರಗಿನ ಶತ್ರುವನ್ನು ಹುಡುಕುತ್ತಿದ್ದೆವು! ಈಗ ಲಾಗಿನ್ ಆಗದವರಿಗೆ ತಾತ್ಕಾಲಿಕ ಖಾತೆ ಬರುತ್ತದೆ, ಐಪಿ ಎಲ್ಲರಿಗೂ ಕಾಣುವುದಿಲ್ಲ. ಆದರೆ ಗಂಟೆ ಕಾಣುತ್ತದೆ. ಗಂಟೆ ಸಾಕು. ಗಂಟೆಯಿಂದ ಇನ್ನೂ ಒಂದು ವಿಷಯ ಹಿಡಿಯಬಹುದು. ಅದನ್ನು ಇಲ್ಲಿ ಬರೆಯುವುದಿಲ್ಲ, ಹುಡುಗರೂ ಓದುತ್ತಾರೆ.

ಆ ಪೀರಿಯಡ್ಡಿನಲ್ಲಿ ಪುಟ ಕೆಡಿಸುತ್ತಿದ್ದ ಹುಡುಗನನ್ನು ಹಿಡಿದು ಟಿ.ಸಿ. ಕೊಡಬೇಕು ಎಂದು ಮಂಡಳಿಯಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅವನ ಜೊತೆ ಒಂದು ಸಂಜೆ ಕುಳಿತು ಮಾತಾಡಿದೆ. ಏನು ಮಾತಾಡಿದೆ ಎನ್ನುವುದು ನಮ್ಮಿಬ್ಬರಲ್ಲೇ ಇರಲಿ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಪುಟವನ್ನು ಕಾಯುವುದಲ್ಲ, ಕೆಡಿಸಲು ಜಾಗವೇ ಇಲ್ಲದ ಹಾಗೆ ಮಾಡುವುದು. ಯಾವ ಸಾಲನ್ನು ಪದೇ ಪದೇ ಕೆಡಿಸುತ್ತಾರೆ ಎಂದು ಎಣಿಸಿದೆ. ಮೂರೇ ಜಾಗ: ಮುಖ್ಯ ಶಿಕ್ಷಕರ ಹೆಸರಿನ ಪಟ್ಟಿ, ಕ್ರೀಡಾ ತಂಡಗಳ ಹೆಸರು, 'ಪ್ರಸಿದ್ಧ ಹಳೆ ವಿದ್ಯಾರ್ಥಿಗಳು'. ಮೊದಲೆರಡಕ್ಕೂ ಉಲ್ಲೇಖವೇ ಇರಲಿಲ್ಲ, ತೆಗೆಸಿದೆ. ಮೂರನೆಯದರಲ್ಲಿ 23 ಹೆಸರಿದ್ದವು. ಅವರ ಬಗ್ಗೆ ಬೇರೆ ಲೇಖನ ಇರಬೇಕು, ನಮ್ಮಲ್ಲಿ ಓದಿದ್ದಕ್ಕೆ ಅಚ್ಚಾದ ಆಧಾರ ಇರಬೇಕು ಎಂದು ಜಾಲಾಡಿದಾಗ ಉಳಿದದ್ದು ನಾಲ್ಕು. ಒಬ್ಬ ಸಿನಿಮಾ ನಟರು ಓದಿದ್ದು ಪಕ್ಕದ ರಸ್ತೆಯ ಶಾಲೆಯಲ್ಲಿ! ಹಳೆ ವಿದ್ಯಾರ್ಥಿ ಸಂಘದಲ್ಲಿ ದೊಡ್ಡ ಜಗಳವೇ ಆಯಿತು. ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಹುಡುಗರ ಕಿಡಿಗೇಡಿತನಕ್ಕಿಂತ ದೊಡ್ಡವರ ಹೆಮ್ಮೆಯ ತಿದ್ದುಪಡಿ ಕಷ್ಟ. ಬೈಗುಳವನ್ನು ಯಾರಾದರೂ ಅಳಿಸುತ್ತಾರೆ. 'ಬೆಂಗಳೂರಿನ ಮೊದಲ ಶಾಲೆ' ಎಂಬ ಸಾಲು ಎರಡು ವರ್ಷ ನಿಂತಿತ್ತು. ನಮ್ಮೂರಲ್ಲಿ ಬಿಷಪ್ ಕಾಟನ್ ಶಾಲೆ ಶುರುವಾದದ್ದೇ 1865ರಲ್ಲಿ. ನಮ್ಮ ಪೇಟೆಯ ಬಡಾವಣೆ ಹುಟ್ಟಿದ್ದು 1892ರಲ್ಲಿ. ನಮ್ಮದು ಹೇಗೆ ಮೊದಲಾಗುತ್ತದೆ?

ಇದೆಲ್ಲವನ್ನೂ ನಾನು ಕೈಯಾರೆ ತಿದ್ದಲಿಲ್ಲ. ಸಂಬಳ ತೆಗೆದುಕೊಳ್ಳುವ ಶಾಲೆಯ ಪುಟ ಅದು. ನನ್ನ ಬಳಕೆದಾರ ಪುಟದಲ್ಲೂ ಚರ್ಚಾಪುಟದಲ್ಲೂ 'ನಾನು ಇಲ್ಲಿಯ ಶಿಕ್ಷಕ' ಎಂದು ಬರೆದೆ. ಬೈಗುಳ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸಂಪಾದನಾ ವಿನಂತಿ, ಅಂದರೆ ಬೇರೆ ಸಂಪಾದಕರು ನೋಡಿ ತಿದ್ದಲಿ ಎಂಬ ಕೋರಿಕೆ. ಮೊದಲ ವಿನಂತಿ ಎರಡು ಪುಟ ಉದ್ದ ಬರೆದಿದ್ದೆ, ಏಳು ವಾರ ಯಾರೂ ಮುಟ್ಟಲಿಲ್ಲ. ಅವರೂ ಬಿಡುವಿನಲ್ಲಿ ಕೆಲಸ ಮಾಡುವವರು, ಅಷ್ಟು ಓದಲು ಯಾರಿಗೆ ಪುರುಸೊತ್ತು? ಆಮೇಲೆ ಒಂದು ಸಲಕ್ಕೆ ಒಂದೇ ಸಾಲು: ಈಗ ಹೀಗಿದೆ, ಹೀಗಾಗಬೇಕು, ಆಧಾರ ಇದು, ಪುಟ ಸಂಖ್ಯೆ ಇಷ್ಟು. ಕೆಲವು ಎರಡೇ ದಿನದಲ್ಲಿ ಆದವು. 31 ವಿನಂತಿಯಲ್ಲಿ 27 ಒಪ್ಪಿದರು ಎಂದು ನೆನಪು. ಈ ಲೆಕ್ಕ ಯಾರ ಮುಂದೆ ಬೇಕಾದರೂ ಇಡುತ್ತೇನೆ.

1938ಕ್ಕೆ ಆಧಾರ ಹುಡುಕಲು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಆರು ಶನಿವಾರ ಅಲೆದೆ. ಸುವರ್ಣ ಮಹೋತ್ಸವ 1988ರಲ್ಲಿ ಆಗಿತ್ತು, ಹಾಗಾದರೆ ಪತ್ರಿಕೆಯಲ್ಲಿ ಸುದ್ದಿ ಬಂದಿರಲೇಬೇಕು ಎಂಬ ಹಟ. ನಾಲ್ಕನೇ ಶನಿವಾರ ಧೂಳಿಗೆ ಕೆಮ್ಮು ಹಿಡಿಯಿತು. ಆರನೇ ಶನಿವಾರ ಸಿಕ್ಕಿತು, ಒಳಪುಟದಲ್ಲಿ ಎರಡು ಬೆರಳಗಲದ ಸುದ್ದಿ: 1938ರಲ್ಲಿ ಬಾಡಿಗೆ ಮನೆಯಲ್ಲಿ ಆರಂಭ, 1941ರಲ್ಲಿ ಸ್ವಂತ ಕಟ್ಟಡ. ಇಬ್ಬರ ಮಾತೂ ನಿಜವೇ! ಎರಡೂ ವರ್ಷ ಪುಟಕ್ಕೆ ಬಂದವು. ನನ್ನ ಜೊತೆ ಜಗಳವಾಡಿದ ಹಳೆ ವಿದ್ಯಾರ್ಥಿಯನ್ನು ಹುಡುಕಿ ಫೋನ್ ಮಾಡಿದೆ. ಈಗ ಪುಟ ಕಾಯುವವರಲ್ಲಿ ಅವರೇ ಚುರುಕು. ಬಸ್ಸು, ಜೆರಾಕ್ಸ್, ಕಾಫಿ ಎಲ್ಲ ಸೇರಿ ಖರ್ಚು ಸುಮಾರು 900 ರೂಪಾಯಿ. ಏಜೆನ್ಸಿಯ 18,000 ಮಾಡದ ಕೆಲಸ ಇದು ಮಾಡಿತು.

ವರ್ಷದ ಪಕ್ಕ, ಓದುವವರಿಗೆ ಕಾಣದ ಹಾಗೆ ಮೂಲಪಠ್ಯದೊಳಗೆ ಒಂದು ಟಿಪ್ಪಣಿ ಹಾಕಿಸಿದೆ: 'ಬದಲಿಸುವ ಮುಂಚೆ ಚರ್ಚಾಪುಟ ನೋಡಿ'. ಸಣ್ಣ ಕೆಲಸ, ಆದರೆ ಪ್ರಾಮಾಣಿಕವಾಗಿ ತಪ್ಪು ಮಾಡುವವರು ಅಲ್ಲೇ ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಕ್ಲೂಬಾಟ್ ಎನ್‌ಜಿ ಎಂಬ ಬಾಟ್ (ತಾನಾಗಿಯೇ ತಿದ್ದುವ ಪ್ರೋಗ್ರಾಂ) ಇದೆ, ಇಂಗ್ಲಿಷ್ ಬೈಗುಳವನ್ನು ಕ್ಷಣದಲ್ಲಿ ಹಿಡಿಯುತ್ತದೆ. ನಮ್ಮ ಹುಡುಗರು ಕನ್ನಡ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅದು ಸುಮ್ನೆ ಬಿಟ್ಟಿತು. 1941 ಅನ್ನು 1914 ಮಾಡಿದಾಗಲೂ ಬಿಟ್ಟಿತು. ಅದಕ್ಕೆ ಮನುಷ್ಯರ ಕಣ್ಣೇ ಬೇಕು. ಅರೆ ಸಂರಕ್ಷಣೆ ಕೇಳಿದ್ದೆ. ಹಾಕಿದರೆ ನಾಲ್ಕು ದಿನ ಹಳೆಯ, ಹತ್ತು ಸಂಪಾದನೆ ಮಾಡಿದ ಖಾತೆಯವರು ಮಾತ್ರ ಬರೆಯಬಹುದು. ಮೊದಲ ಸಲ 'ಇತ್ತೀಚೆಗೆ ಅಷ್ಟು ತೊಂದರೆ ಇಲ್ಲ' ಎಂದು ನಿರಾಕರಿಸಿದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಒಂದೇ ಸಮನೆ ದಾಳಿ ಆದಾಗ ಕೇಳಿದೆ, ಎರಡು ವಾರಕ್ಕೆ ಸಿಕ್ಕಿತು. ನಮ್ಮ ಪುಟ ದಿನಕ್ಕೆ ನಲವತ್ತು ಸಲ ತೆರೆದರೆ ಹೆಚ್ಚು. ಫಲಿತಾಂಶದ ದಿನ ಆರುನೂರು ದಾಟುತ್ತದೆ. ಆ ವಾರ ರಾತ್ರಿ ಮಲಗುವ ಮುಂಚೆ ಒಂದು ಸಲ ನೋಡಿಯೇ ನೋಡಿ.

ಪುಟ ಸರಿಯಾದ ಮೇಲೂ ಗೂಗಲ್ ಹುಡುಕಾಟದ ಬಲಗಡೆ ಹಳೆ ತಪ್ಪು ವರ್ಷವೇ ಬರುತ್ತಿತ್ತು. ಹುಡುಕಿದರೆ ವಿಕಿಪೀಡಿಯದ ಸೋದರ ಮಾಹಿತಿ ಕೋಶವಾದ ವಿಕಿಡೇಟಾದಲ್ಲಿ ಹಳೆಯ ಅಂಕಿ ಉಳಿದಿತ್ತು. ಅಲ್ಲಿ ಉಲ್ಲೇಖ ಸಮೇತ ತಿದ್ದಿಸಿದೆ, ಕೆಲವು ದಿನದಲ್ಲಿ ಸರಿಯಾಯಿತು.

ಕಂಪ್ಯೂಟರ್ ಪೀರಿಯಡ್ಡಿಗೆ ಬರುತ್ತೇನೆ. ನಮ್ಮ ಲ್ಯಾಬಿನ ವಿಳಾಸಕ್ಕೆ ಆರು ತಿಂಗಳು ತಡೆ ಬಿದ್ದಿತ್ತು, ಇಂಗ್ಲಿಷ್ ವಿಕಿಪೀಡಿಯಕ್ಕೆ ಮಾತ್ರ. ಹಾಗಾಗಿ ಅದೇ ಒಂಬತ್ತನೇ ತರಗತಿಯನ್ನು ಕನ್ನಡ ವಿಕಿಪೀಡಿಯಕ್ಕೆ ಕರೆದುಕೊಂಡು ಹೋದೆ. ಅದು 2003ರಿಂದ ಇದೆ, ಲೇಖನ 30 ಸಾವಿರ ದಾಟಿವೆ, ಕೆಲಸ ಮಾಡುವ ಕೈ ಮಾತ್ರ ಕಡಿಮೆ. ಮೊದಲು ಅಲ್ಲಿಯ ಸಂಪಾದಕರು ಮಾತಾಡಿಕೊಳ್ಳುವ 'ಅರಳಿ ಕಟ್ಟೆ' ಪುಟದಲ್ಲಿ ತಿಳಿಸಿ ಅವರ ಸಲಹೆ ಕೇಳಿದೆ. ಮಕ್ಕಳು ಸ್ವಂತ ಹೆಸರು ಹಾಕಬಾರದು ಎಂಬುದೊಂದೇ ನನ್ನ ಕಟ್ಟುನಿಟ್ಟು. ಕೆಂಪಾಂಬುಧಿ ಕೆರೆ, ಕೋಟೆ ವೆಂಕಟರಮಣ ದೇವಸ್ಥಾನ, ಟಿಪ್ಪು ಅರಮನೆ, ಹೀಗೆ ಸುತ್ತಮುತ್ತಲಿನ ಲೇಖನಗಳಲ್ಲಿ ಕಾಗುಣಿತ ತಿದ್ದಿದರು. ಒಬ್ಬಳು ಮೂರು ಗಂಟೆ ಕೂತು ಬರೆದ ಪ್ಯಾರಾವನ್ನು ಮರುದಿನ ಯಾರೋ ಕೆಡಿಸಿದರು. ಅವಳು ಅತ್ತಳು. ತರಗತಿಯೆಲ್ಲ ಸೇರಿ ಸರಿ ಮಾಡಿತು. ಆ ದಿನದಿಂದ ನಮ್ಮ ಶಾಲೆಯ ಪುಟಕ್ಕೆ ಒಳಗಿನಿಂದ ತೊಂದರೆ ನಿಂತಿತು. ನಾನು ಮಾತಾಡಿಸಿದ ಆ ಹುಡುಗನೂ ಅಲ್ಲಿದ್ದ. ಈಗ ಪಿಯುಸಿ ಓದುತ್ತಿದ್ದಾನೆ. ಕಳೆದ ವರ್ಷ ಬೆಳಗಿನ ಜಾವ ನಡೆದ ಒಂದು ಕಿಡಿಗೇಡಿತನವನ್ನು ನನಗಿಂತ ಮುಂಚೆ ನೋಡಿ ತೆಗೆದವನು ಅವನೇ.

ಕೊನೆಗೆ ಒಂದು ಸಾಲನ್ನು ಮಾತ್ರ ವಿನಂತಿ ಹಾಕದೆ ನನ್ನ ಕೈಯಿಂದಲೇ ತೆಗೆದೆ. ಅಂಗಳದ ನೇರಳೆ ಮರ ಶಾಲೆಗಿಂತ ಹಳೆಯದು ಎಂದು ಬಹಳ ವರ್ಷದಿಂದ ಇತ್ತು. ನನಗೆ ಪ್ರೀತಿಯ ಸಾಲು, ನಾನೂ ಅದರ ಕೆಳಗೆ ಊಟ ಮಾಡಿ ಬೆಳೆದವನು. ಆಧಾರ ಎಲ್ಲೂ ಸಿಗಲಿಲ್ಲ. ನಟರ ಹೆಸರು ತೆಗೆಸಿದವನು ಇದನ್ನು ಹೇಗೆ ಉಳಿಸಿಕೊಳ್ಳಲಿ? ಅದು ಗೊತ್ತಾಗಿ ಎಂಟನೇ ತರಗತಿಯ ಒಬ್ಬಳು ಅಪ್ಪನ ಫೋನಿನಲ್ಲಿ ಮರದ ಫೋಟೋ ತೆಗೆದು, ವಿಕಿಪೀಡಿಯಕ್ಕೆ ಚಿತ್ರ ಕೊಡುವ ಮುಕ್ತ ಭಂಡಾರವಾದ ಕಾಮನ್ಸಿಗೆ ಹಾಕಿದಳು. ತಾನೇ ತೆಗೆದ ಫೋಟೋ, ಮುಕ್ತ ಪರವಾನಗಿ, ಯಾರ ಮುಖವೂ ಇಲ್ಲ. ಮುಂದಿನ ವಿನಂತಿ ಅದೇ ಆಗಿತ್ತು. ಈಗ ಪುಟದಲ್ಲಿ ಮರ ಇದೆ, ಕೆಳಗೆ 'ಶಾಲೆಯ ಅಂಗಳ' ಎಂದಷ್ಟೇ ಬರೆದಿದೆ.