ಎಲ್ಲರಿಗೂ 110/70

ಶಹಾಪುರದ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಗರ್ಭಿಣಿಯರ ರಿಜಿಸ್ಟರ್ ತಿರುವುತ್ತಿದ್ದೆ. ಒಂದು ಪುಟದಲ್ಲಿದ್ದ ಅಷ್ಟೂ ಹೆಂಗಸರ ರಕ್ತದೊತ್ತಡ 110/70. ಮುಂದಿನ ಪುಟದಲ್ಲೂ ಅದೇ. ಬರೆದವರು ಸೋಮಾರಿಯಲ್ಲ; ಬಿಸಿಲೆನ್ನದೆ ತಾಂಡಾಗಳಿಗೆ ನಡೆದು ಹೋಗಿ ಲಸಿಕೆ ಹಾಕಿ ಬರುವ ಸಿಸ್ಟರ್.

ಅದುವರೆಗೆ ನಾನು ತರಬೇತಿ ಕೊಡುತ್ತಿದ್ದುದು ಸಭಾಂಗಣದಲ್ಲಿ, ಪರದೆಯ ಮೇಲೆ ಚಿತ್ರ ತೋರಿಸಿ. 20 ವಾರ ಕಳೆದ ಬಸುರಿಗೆ 140/90 ಮುಟ್ಟಿದರೆ ನಂಜಿನ (ಬಸುರಿನಲ್ಲಿ ರಕ್ತದೊತ್ತಡ ಏರಿ ಜೀವಕ್ಕೇ ಅಪಾಯ ತರುವ ಕಾಯಿಲೆಯ) ಅನುಮಾನ, 160/110 ಆದರೆ ತಡಮಾಡದೆ ಆಸ್ಪತ್ರೆಗೆ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳುತ್ತಿದ್ದರು. ಉತ್ತರ ಬಾಯಿಪಾಠವಾಗಿತ್ತು. ಆದರೂ ಅವರ ರಿಜಿಸ್ಟರುಗಳಲ್ಲಿ ನಂಜೇರಿದವಳು ಒಬ್ಬಳೂ ಇರಲಿಲ್ಲ.

ಆಮೇಲೆ ನಾನು ಸಭಾಂಗಣ ಬಿಟ್ಟೆ. ಇಬ್ಬರು ಒಟ್ಟಿಗೆ ಕೇಳಬಹುದಾದ, ಎರಡು ಜೋಡಿ ಕಿವಿಕೊಳವೆಗಳ ಸ್ಟೆತಾಸ್ಕೋಪ್ ಹಿಡಿದು ಒಂದೊಂದೇ ಉಪಕೇಂದ್ರಕ್ಕೆ ಹೋಗತೊಡಗಿದೆ. ನಾನೂ ಸಿಸ್ಟರೂ ಒಂದೇ ತೋಳಿನ ಸದ್ದು ಕೇಳಿ, ಮಾತಾಡದೆ ಬೇರೆ ಬೇರೆ ಚೀಟಿಯಲ್ಲಿ ಅಂಕಿ ಬರೆಯುವುದು, ನಂತರ ಚೀಟಿ ಬಿಚ್ಚುವುದು. ರಕ್ತದೊತ್ತಡದಲ್ಲಿ 4 ಮಿಲಿಮೀಟರಿಗಿಂತ (ಪಾದರಸದ ಅಳತೆ) ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ.

ಆ 110/70ರ ಸಿಸ್ಟರ್ ಮೊದಲ ದಿನ ಚೀಟಿಯನ್ನು ಖಾಲಿ ಬಿಟ್ಟರು. ಎಲ್ಲರೂ ಹೋದ ಮೇಲೆ, "ಮೇಡಂ, ನನಗೆ ಸದ್ದು ಕೇಳಿಸುವುದೇ ಇಲ್ಲ. ಇಷ್ಟು ವರ್ಷದ ಸರ್ವಿಸ್ ಆದ ಮೇಲೆ ಯಾರಿಗೆ ಹೇಳಲಿ?" ಎಂದರು. ಅವರ ಸ್ವಂತ ಸ್ಟೆತಾಸ್ಕೋಪ್ ತರಿಸಿ ನೋಡಿದೆ. ಕಿವಿಕೊಳವೆಗಳನ್ನು ಹಿಂದುಮುಂದಾಗಿ ಹಾಕಿಕೊಳ್ಳುತ್ತಿದ್ದರು. ಅವು ಮೂಗಿನ ದಿಕ್ಕಿಗೆ ಬಾಗಿರಬೇಕು. ಬಿಲ್ಲೆಯೂ ಸದ್ದು ಬಾರದ ಬದಿಗೆ ತಿರುಗಿತ್ತು. ಎರಡನ್ನೂ ಸರಿಪಡಿಸಿ, ಮೊಣಕೈ ಮಡಿಕೆಯ ಒಳಬದಿಯಲ್ಲಿ ಬೆರಳಿನಿಂದ ನಾಡಿ ಹುಡುಕಿಸಿ, ಬಿಲ್ಲೆಯನ್ನು ಅಲ್ಲಿಯೇ ಇರಿಸಿದೆ. ಗಾಳಿಯನ್ನು ಸೆಕೆಂಡಿಗೆ 2 ಮಿಲಿಮೀಟರಿನಷ್ಟು ನಿಧಾನವಾಗಿ ಬಿಡುತ್ತಿದ್ದಂತೆ ಅವರ ಮುಖ ಅರಳಿತು. "ಬಂತು, ಮೇಡಂ!" ಆ ಹೊತ್ತಿನ ಸಂತೋಷ ನನಗೆ ಇಂದಿಗೂ ಹಸಿಯಾಗಿದೆ. ಸದ್ದು ಕೇಳಿಸದವರಿಗೆ ನಾವು ವರ್ಷಗಟ್ಟಲೆ ಅಂಕಿಗಳನ್ನು ಕಲಿಸುತ್ತಿದ್ದೆವು ಎಂಬ ನೋವೂ ಅದರ ಜೊತೆಗಿದೆ.

ಉಳಿದದ್ದು ಬೇಗ ಬಂತು. ನಡೆದು ಬಂದವಳನ್ನು 5 ನಿಮಿಷ ಒರಗಿ ಕೂರಿಸುವುದು, ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಸುತ್ತದಿರುವುದು, ತೋಳನ್ನು ಎದೆಯ ಮಟ್ಟಕ್ಕೆ ಇಡುವುದು. ಮೂತ್ರ ಪರೀಕ್ಷೆಯ ಪಟ್ಟಿ ಮುಗಿದಿದ್ದರೆ ಹಳೆಯ ಕ್ರಮ: ಪ್ರನಾಳದ ಮೇಲ್ಭಾಗವನ್ನಷ್ಟೇ ಕಾಯಿಸುವುದು, ಬಿಳಿ ಮೋಡ ಕಟ್ಟಿದರೆ ಕೆಲವು ಹನಿ ಅಸಿಟಿಕ್ ಆಮ್ಲ ಹಾಕುವುದು. ಆಗಲೂ ಕರಗದೆ ಉಳಿದರೆ ಅದು ಅಲ್ಬುಮಿನ್, ಅಂದರೆ ಮೂತ್ರದಲ್ಲಿ ಹೋಗುತ್ತಿರುವ ಪ್ರೋಟೀನ್; ನಂಜಿನ ಗುರುತು.

ನಂಜಿನ ಲಕ್ಷಣ ತಿಳಿಯಲು ಕೇಳುವ ಪ್ರಶ್ನೆಗಳನ್ನು ಸಿಸ್ಟರುಗಳೇ ತಿದ್ದಿದರು. "ದೃಷ್ಟಿ ತೊಂದರೆ ಇದೆಯೇ?" ಎಂದರೆ ಯಾರೂ ಹೌದೆನ್ನುವುದಿಲ್ಲ. "ಜೋಳ ಹಸನು ಮಾಡುವಾಗ ಕಣ್ಣು ಮಂಜಾಗುತ್ತದೆಯೇ? ಬೆಳಗ್ಗೆ ಎದ್ದಾಗ ಬಳೆ ಬಿಗಿಯಾಗಿರುತ್ತದೆಯೇ?" ಎಂದರೆ ಮಾತು ಹೊರಬರುತ್ತದೆ.

ಬಿಡಿಸಲಾಗದ ಗಂಟು ಬೇರೆಯೇ ಇತ್ತು. ಒಬ್ಬ ಸಿಸ್ಟರ್ 150/100 ಕಂಡು ಗರ್ಭಿಣಿಯನ್ನು ಕಳಿಸಿದ್ದರು. ಹತ್ತಿರದ ಆಸ್ಪತ್ರೆಯಲ್ಲಿ, "ಸುಮ್ಮಸುಮ್ಮನೆ ಕಳಿಸುತ್ತೀರಿ" ಎಂದು ಎಲ್ಲರೆದುರು ಬೈದರಂತೆ. ಆಮೇಲೆ ಅವರು ಯಾರನ್ನೂ ಕಳಿಸಲಿಲ್ಲ. ಹೀಗೆ ಬೈಸಿಕೊಂಡ ಕೈ ಮುಂದಿನ ಸಲ 110/70 ಬರೆಯುತ್ತದೆ. ಅಂದಿನಿಂದ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಎರಡು ಅಳತೆ, ಎರಡರ ಸಮಯ, ಮೂತ್ರದ ಫಲಿತಾಂಶ ಬರೆಸುತ್ತೇನೆ. 108 ಹೊರಟ ಕೂಡಲೇ ಆಸ್ಪತ್ರೆಯ ವೈದ್ಯರಿಗೆ ನಾನೇ ಫೋನ್ ಮಾಡುತ್ತೇನೆ. ತೀವ್ರ ನಂಜಿನವರಿಗೆ ಕಳಿಸುವ ಮೊದಲು, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಡಬೇಕು: ಒಂದೊಂದು ಪೃಷ್ಠಕ್ಕೆ 5 ಗ್ರಾಂ, ಸ್ನಾಯುವಿನ ಆಳಕ್ಕೆ. ಒಂದೊಂದು ಗ್ರಾಮಿನ ಹತ್ತು ಆಂಪೂಲ್ ಒಡೆದು ಎಳೆದುಕೊಳ್ಳುವುದನ್ನು ನೀರು ತುಂಬಿದ ಸೀಸೆಗಳಲ್ಲಿ ಕೈ ಪಳಗುವವರೆಗೆ ಮಾಡಿಸುತ್ತೇನೆ.

ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಏಳನೆಯ ತಿಂಗಳಲ್ಲಿ ತವರಿಗೆ ಬರುತ್ತಾರೆ, ತಾಯಿ ಕಾರ್ಡ್ ಅಲ್ಲಿಯೇ ಶೆಡ್ಡಿನಲ್ಲಿ ಉಳಿದಿರುತ್ತದೆ. ಗಂಡನಿಂದ ಮೊಬೈಲಿಗೆ ಅದರ ಚಿತ್ರ ತರಿಸಿಕೊಳ್ಳುವುದನ್ನು ನಮ್ಮ ಆಶಾ ಕಾರ್ಯಕರ್ತೆಯರು ರೂಢಿ ಮಾಡಿಕೊಂಡರು.

ಕಳೆದ ಬಾರಿ ಅದೇ ಉಪಕೇಂದ್ರಕ್ಕೆ ಹೋದಾಗ ರಿಜಿಸ್ಟರ್ ಕೇಳಿದೆ. 108/66, 124/82, 98/60. ಒಬ್ಬಳದು 132/86. ಮಿತಿಯೊಳಗೇ ಇದೆಯಲ್ಲ ಎಂದೆ. ಸಿಸ್ಟರ್ ಹಿಂದಿನ ಪುಟ ತಿರುವಿ ತೋರಿಸಿದರು. ಎರಡು ತಿಂಗಳ ಹಿಂದೆ ಆಕೆಗೆ 104/64 ಇತ್ತು. ಮುಂದಿನ ಭೇಟಿಯ ಕಾಲಮಿನಲ್ಲಿ ತಿಂಗಳ ಬದಲು ಮೂರನೆಯ ದಿನದ ತಾರೀಖು ಬರೆದಿದ್ದರು.